ಮೇಜಿನ ಮೇಲೆ ಒಂದೇ ಡಬ್ಬಿ

ಓರಿನ್ ಹಾಗ್ಲಂಡನ ಸಹನೆಯನ್ನು ಪರೀಕ್ಷಿಸಬೇಕೆಂದು ದೇವರಿಗೆ ಅನ್ನಿಸಿದಾಗಲೆಲ್ಲ ಆತನು ರೋಗವನ್ನೋ ಬೆಂಕಿಯನ್ನೋ ಕಳುಹಿಸುತ್ತಿರಲಿಲ್ಲ; ಹೆಂಡತಿಯ ತಮ್ಮನಾದ ವರ್ಲಿನನನ್ನು ಕಳುಹಿಸುತ್ತಿದ್ದನು. ಹಿಮ ಕರಗಿ ನಮ್ಮ ಪೂರ್ವ ಒರೆಗಾನಿನ ಕಣಿವೆಯಲ್ಲಿ ಕುದುರೆಮಸಾಲೆ ಮೇವಿನ ಹೊಲಗಳು ಹಸಿರಾಗುವ ಹೊತ್ತಿಗೆ ಎರಡು ಜೀವಿಗಳು ತಪ್ಪದೆ ಕಾಣಿಸಿಕೊಳ್ಳುತ್ತಿದ್ದವು. ಒಂದು, ಬಿಲದಿಂದ ತಲೆಯೆತ್ತಿ ಚಿಗುರನ್ನೆಲ್ಲ ಮೇಯುವ ನೆಲದ ಅಳಿಲು. ಇನ್ನೊಂದು ವರ್ಲಿನ್.

ಓರಿನ್ ಬದುಕಿಡೀ ಕೌಂಟಿಯ ರಸ್ತೆಗಳನ್ನು ಸಮ ಮಾಡುವ ಯಂತ್ರ ಓಡಿಸಿದವನು. ಒಂದು ಅಂಗುಲ ಏರುಪೇರಾದರೂ ಹಿಂದಕ್ಕೆ ಹೋಗಿ ಮತ್ತೆ ಕೆರೆಯುತ್ತಿದ್ದ ಮನುಷ್ಯ. ಭಾನುವಾರ ಚರ್ಚಿನ ಸಭೆಯಲ್ಲಿ ಹಾಡುವ ಅವನ ಮಂದ್ರ ಕಂಠ ಎಷ್ಟು ಸ್ಥಿರವೋ ಅಷ್ಟೇ ಸ್ಥಿರತೆ ಅವನ ಕೆಲಸದಲ್ಲಿ. ನಿವೃತ್ತನಾದ ಮೇಲೆ ಆ ನಿಷ್ಠೆಯೆಲ್ಲ ಮನೆಯ ಹಿಂದಿನ ಹಳೆಯ ಹಾಲಿನ ಕೋಣೆಗೆ ಬಂದು ಸೇರಿತು. ಅಲ್ಲಿ ಅವನು ತನ್ನ ಸಣ್ಣ ಕೋವಿಗೆ ತಾನೇ ತೋಟಾ ಕಟ್ಟುತ್ತಿದ್ದನು. ಹಾರಿಸಿದ ಹಿತ್ತಾಳೆ ಚಿಪ್ಪುಗಳನ್ನು ಆಕ್ರೋಟಿನ ಸಿಪ್ಪೆಯ ಪುಡಿಯಲ್ಲಿ ಹೊರಳಿಸಿ ಬೆಳಗುವುದು, ಪಸೆ ಹಚ್ಚಿ ಅಚ್ಚಿನೊಳಗೆ ಒತ್ತಿ ಮೊದಲಿನ ಅಳತೆಗೆ ತರುವುದು, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸುವುದು, ಸಿಡಿಮದ್ದು ತೂಗಿ ಸುರಿಯುವುದು, ಕೊನೆಗೆ ಕಿರುಬೆರಳ ಉಗುರಿನಷ್ಟು ಚಿಕ್ಕ ಗುಂಡನ್ನು ಚಿಪ್ಪಿನ ಬಾಯಿಗೆ ನಾಟುವುದು. ಹೀಗೆ ಕಟ್ಟಿದ ತೋಟಾಗಳಿಂದ ಹೊಲದ ಆಚೆ ಬದಿಯ ಕಾಗದದ ಮೇಲೆ ಐದು ಈಡು ಹೊಡೆದರೆ, ಐದೂ ತೂತುಗಳನ್ನು ಹತ್ತು ಸೆಂಟಿನ ನಾಣ್ಯವೊಂದರಡಿ ಮುಚ್ಚಬಹುದಿತ್ತು. ಅಂಗಡಿಯ ತೋಟಾ ಎಂದರೆ ಓರಿನ್ ಮೂಗು ಮುರಿಯುತ್ತಿದ್ದನು.

ವರ್ಲಿನನೋ, ಪ್ರತಿ ವಸಂತದಲ್ಲೂ ಭಾವನಿಗೆ ಉಡುಗೊರೆಯೆಂದು ಅಂಗಡಿಯ ತೋಟಾದ ಒಂದು ಪೆಟ್ಟಿಗೆಯನ್ನೇ ತರುತ್ತಿದ್ದನು.

ಆ ಗುರುವಾರವೂ ತಂದನು. "ತಗೊಳ್ಳಿ ಭಾವ. ಅಂಗಡಿಯೋನು ಇದೇ ಕೊನೇ ಪೆಟ್ಟಿಗೆ ಅಂದ. ಇನ್ನೊಬ್ಬ ಕೈ ಹಾಕ್ತಿದ್ದ, ನಾನು ಮೊಣಕೈಲಿ ತಳ್ಳಿ ತಗೊಂಬಂದೆ."

"ಬಹಳ ಉಪಕಾರ, ವರ್ಲಿನ್," ಎಂದನು ಓರಿನ್, ಮತ್ತು ಅದನ್ನು ಮೇಲಿನ ಹಲಗೆಯ ಹಿಂಬದಿಗೆ ತಳ್ಳಿದನು.

ಶನಿವಾರ ಮೈಟೆ ಅರಾನಾಳ ಹೊಲಕ್ಕೆ ಹೋಗಬೇಕಿತ್ತು. ಮೈಟೆ ವಿಧವೆ, ಆ ಹೊಲದ ಮೊದಲ ಕೊಯ್ಲೇ ಅವಳ ಕುರಿಗಳಿಗೆ ಚಳಿಗಾಲದ ಮೇವು. ಅಳಿಲುಗಳು ಅರ್ಧ ಹೊಲವನ್ನು ಆಗಲೇ ಬೋಳು ಮಾಡಿದ್ದವು. ಕುರಿ ಕಾಯುವ ನಾಯಿಗಳು ತಿಂದಾವೆಂದು ಅವಳು ವಿಷ ಇಡಳು. "ನೀವು ಬರ್ತೀರಲ್ಲ ಓರಿನ್?" ಎಂದು ಚರ್ಚಿನ ಮೆಟ್ಟಿಲ ಮೇಲೆ ಕೇಳಿದ್ದಳು, ಓರಿನ್ ಅಲ್ಲೇ ಮಾತು ಕೊಟ್ಟಿದ್ದನು. ಆದರೆ ಅವನ ಕೋವಿಗೆ ಒಗ್ಗುವ ಮದ್ದು ಕಳೆದ ವರ್ಷದಿಂದ ಯಾವ ಅಂಗಡಿಯಲ್ಲೂ ಇರಲಿಲ್ಲ. ಉಳಿದಿದ್ದುದು ಒಂದೇ ಡಬ್ಬಿ. ಮೈಟೆಯ ಹೊಲವೂ, ಈ ಋತುವಿನ ಉಳಿದೆಲ್ಲ ಹೊಲಗಳೂ ಆ ಡಬ್ಬಿಯನ್ನೇ ನಂಬಿಕೊಂಡಿದ್ದವು.

ಅಂದು ಮೊದಲು ಮುಗಿಸಬೇಕಾದ ಕೆಲಸ ಬೇರೆಯಿತ್ತು. ಕೋಳಿಗೂಡಿನ ಬಳಿ ಹಾವು ಹೊಡೆಯಲು ಹೆಂಡತಿ ಲೂಯೆಲ್ಲಾ ಇಟ್ಟುಕೊಂಡ ಪಿಸ್ತೂಲಿಗೆ ತೋಟಾ ಕಟ್ಟಬೇಕಿತ್ತು. ಪಿಸ್ತೂಲಿನ ಮದ್ದೇ ಬೇರೆ. ಅದನ್ನು ಅಳತೆಯಂತ್ರದ ತಲೆಯ ಮೇಲಿನ ಪಾತ್ರೆಯಂಥ ಬುರುಡೆಗೆ ತುಂಬಿ, ಹಿಡಿಕೆಯನ್ನು ಎತ್ತಿ ಇಳಿಸಿದರೆ ಒಂದೊಂದು ಈಡಿನಷ್ಟು ಕೆಳಗಿನ ಚಿಪ್ಪಿಗೆ ಬೀಳುತ್ತಿತ್ತು. ಈ ಕೆಲಸಕ್ಕೆ ಮೌನ ಬೇಕು. ಮಾತಿಗೆ ಮನ ಕೊಟ್ಟು ಒಂದು ಚಿಪ್ಪಿಗೆ ಎರಡು ಸಲ ಮದ್ದು ಬಿದ್ದರೆ ಹೊಡೆಯುವವನ ಕೈ ಹೋಗುತ್ತದೆ.

ವರ್ಲಿನ್ ಬಾಗಿಲಿಗೆ ಒರಗಿ ನಿಂತು ಮಾತಾಡುತ್ತಲೇ ಇದ್ದನು. ತನ್ನ ಮೊಣಕಾಲು, ತನ್ನ ದಂತವೈದ್ಯ, ದಂತವೈದ್ಯನ ದೋಣಿ.

"ವರ್ಲಿನ್, ನಾನು ಮದ್ದು ಸುರೀತಿದೀನಿ."

"ಸುರೀರಿ ಭಾವ, ನಾನೇನು ಕೈ ಹಿಡ್ಕೊಂಡಿದೀನಾ? ಹಾಂ, ಆ ದೋಣಿ ಇದೆಯಲ್ಲ—"

ಓರಿನ್ ಎಣಿಕೆ ತಪ್ಪಿದನು. ತುಂಬಿದ ಸಾಲನ್ನೆಲ್ಲ ಬುರುಡೆಗೆ ಮರಳಿ ಸುರಿದು ಮತ್ತೆ ಆರಂಭಿಸಿದನು. ಮತ್ತೆ ತಪ್ಪಿದನು. 'ಪ್ರಭುವೇ, ಈ ಮನುಷ್ಯನ ನಾಲಿಗೆಗೆ ಸ್ವಲ್ಪ ವಿಶ್ರಾಂತಿಯನ್ನು ದಯಪಾಲಿಸು' ಎಂದು ಅವನು ಪ್ರಾರ್ಥಿಸಿದ್ದು ಹೃತ್ಪೂರ್ವಕವಾಗಿ.

"ಸರಿ, ನಂಗೂ ಕಲಿಸಿ. ಸುಮ್ನೆ ನಿಂತ್ರೆ ಮಾತೇ ಬರತ್ತೆ," ಎಂದನು ವರ್ಲಿನ್.

"ಕಲಿಸೋಕೆ ಒಂದೇ ಪಾಠ," ಎಂದನು ಓರಿನ್ ಹಲ್ಲು ಕಚ್ಚಿಕೊಂಡು. "ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬಿ ಮದ್ದು. ಯಂತ್ರದಲ್ಲಿರೋದು ಆ ಡಬ್ಬಿದೇ. ಕೆಲಸ ಮುಗಿದ ಮೇಲೆ ಮಿಕ್ಕಿದ್ದು ಅದಕ್ಕೇ ವಾಪಸ್ಸು. ಬೇರೆ ಡಬ್ಬಿ ಬೀರುವಿನಲ್ಲಿ. ಇಷ್ಟು ತಿಳಿದೋನ ಬೆರಳು ಹತ್ತೂ ಉಳಿಯತ್ತೆ. ಈಗ ಬಾಯಿ ಮುಚ್ಚು."

ವರ್ಲಿನ್ ತಲೆಯಾಡಿಸಿದನು, ಮತ್ತು ದೋಣಿಯ ಕಥೆಯನ್ನು ಮುಂದುವರಿಸಿದನು.

ಹಾಗೂ ಹೀಗೂ ಪಿಸ್ತೂಲಿನ ತೋಟಾ ಮುಗಿಯುವಾಗ ಸಂಜೆಯಾಯಿತು. ಗಾಯನದ ಅಭ್ಯಾಸಕ್ಕೆ ಹೊತ್ತು ಮೀರಿ ಲೂಯೆಲ್ಲಾ ಕಾರಿನಲ್ಲಿ ಕುಳಿತು ಹಾರನ್ ಒತ್ತುತ್ತಿದ್ದಳು. ಹಾಳಾದ ದಿನವನ್ನು ನೆನೆದು ಓರಿನನಿಗೆ ಮೈಯೆಲ್ಲ ಉರಿ. ಬೆಳಿಗ್ಗೆಯಾದರೂ ಬೇಗ ಕೂರೋಣವೆಂದು ಪಿಸ್ತೂಲಿನ ಡಬ್ಬಿಯನ್ನು ಬೀರುವಿನಲ್ಲಿಟ್ಟು, ಕೋವಿಯ ಮದ್ದಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿರಿಸಿ, ಟೋಪಿ ಹಾಕಿಕೊಂಡು ಓಡಿದನು.

ಮರುದಿನ ಬೆಳಿಗ್ಗೆ ಹಾಲಿನ ಕೋಣೆಯ ಬಾಗಿಲು ತೆರೆದವನು ಅಲ್ಲೇ ನಿಂತನು. ನೆಲ ಗುಡಿಸಿತ್ತು. ಚಿಪ್ಪುಗಳು ಸಾಲಾಗಿ ನಿಂತಿದ್ದವು. ಅಳತೆಯಂತ್ರದ ಬುರುಡೆ ಒರೆಸಿದ ಗಾಜಿನಂತೆ ಹೊಳೆಯುತ್ತಿತ್ತು. ಒಳಗೆ ಒಂದು ಕಾಳು ಮದ್ದಿಲ್ಲ.

"ವರ್ಲಿನ್!"

ವರ್ಲಿನ್ ಕೈಯಲ್ಲಿ ಪ್ಯಾನ್‌ಕೇಕಿನ ತಟ್ಟೆ ಹಿಡಿದೇ ಬಂದನು. ಮುಖದಲ್ಲಿ ಹೊಗಳಿಕೆಗಾಗಿ ಕಾಯುವ ನಗು. "ಏನನ್ಸತ್ತೆ ಭಾವ? ನೀವು ಹಾಡೋಕೆ ಹೋದಾಗ ಮಾಡಿದೆ. ನಿನ್ನೆ ಮಾತಾಡಿ ತಲೆ ತಿಂದೆ ಅಂತ ಹೊರಡೋ ಮುಂಚೆ ಅಕ್ಕ ಬೈದ್ಲು. ಅದಕ್ಕೇ."

"ಬುರುಡೇಲಿದ್ದ ಮದ್ದು ಎಲ್ಲಿ?"

"ಡಬ್ಬಿಗೆ ಸುರಿದೆ."

"ಯಾವ ಡಬ್ಬಿಗೆ?"

"ಇದಕ್ಕೇ. ಮೇಜಿನ ಮೇಲಿದ್ದಿದ್ದು ಇದೊಂದೇ ಅಲ್ವಾ?"

ಓರಿನ್ ಮುಚ್ಚಳ ತಿರುಗಿಸಿ ಒಳಗೆ ನೋಡಿದನು. ಎರಡು ಮದ್ದೂ ಕಡುಬೂದಿ ಬಣ್ಣದವು, ಎರಡೂ ಸಾಸಿವೆಗಿಂತ ಸಣ್ಣವು. ಒಂದರಿಂದ ಒಂದನ್ನು ಬೇರ್ಪಡಿಸಲು ದೇವದೂತರಿಗೆ ಸಾಧ್ಯವಾದೀತು, ಓರಿನನಿಗಲ್ಲ. ಕೋವಿಯ ಮದ್ದು ಸಾವಧಾನವಾಗಿ ಉರಿದು ಗುಂಡನ್ನು ನಳಿಗೆಯುದ್ದಕ್ಕೂ ತಳ್ಳುವಂಥದು. ಪಿಸ್ತೂಲಿನದು ಭಕ್ಕೆಂದು ಒಮ್ಮೆಗೇ ಉರಿಯುವಂಥದು. ಕೋವಿಯ ಚಿಪ್ಪಿನಲ್ಲಿ ಅದು ಹೆಚ್ಚಾಗಿ ಸೇರಿದರೆ ಕೋವಿಯ ಹಿಂಬದಿಯ ಬೀಗವೇ ಸಿಡಿದು ಹೊಡೆಯುವವನ ಮುಖಕ್ಕೆ ಬಡಿಯುತ್ತದೆ.

"ಅಯ್ಯೋ ಪುಣ್ಯಾತ್ಮ! ಅದು ಪಿಸ್ತೂಲಿನ ಮದ್ದು ಕಣೋ! ಇಡೀ ಕಣಿವೇಲಿ ಹುಡುಕಿದ್ರೂ ಸಿಗದ ಡಬ್ಬಿ ಇದು! ನಿನ್ನ ಯಾರು ಕೇಳಿದ್ರು ಗುಡಿಸು ಅಂತ? ನಿನ್ನ ಕೈಗೆ ಏನು ಸಿಕ್ಕಿದ್ರೂ—"

ವರ್ಲಿನನ ನಗು ಮಾಯವಾಯಿತು. ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟನು. "ನೀವೇ ಹೇಳಿದ್ರಲ್ಲ ಭಾವ. ಮೇಜಿನ ಮೇಲೆ ಯಾವತ್ತೂ ಒಂದೇ ಡಬ್ಬಿ. ಯಂತ್ರದಲ್ಲಿರೋದು ಆ ಡಬ್ಬಿದೇ. ಮಿಕ್ಕಿದ್ದು ಅದಕ್ಕೇ ವಾಪಸ್ಸು ಅಂತ. ನೀವು ಹೇಳಿದ್ದನ್ನ ಒಂದ್ಸಲಾನಾದ್ರೂ ಸರಿಯಾಗಿ ಮಾಡೋಣ ಅಂತ ಮಾಡಿದೆ."

ಪ್ರಿಯರೇ, ನೀತಿವಂತನ ಕೋಪ ನಡುದಾರಿಯಲ್ಲಿ ಕಾಲು ಕಳೆದುಕೊಂಡರೆ ಹೇಗಿರುತ್ತದೆಂಬುದನ್ನು ಓರಿನನ ಮುಖದಲ್ಲಿ ಅಂದು ನೋಡಬೇಕಿತ್ತು. ಬುರುಡೆಯನ್ನು ಬರಿದು ಮಾಡದೆ ಬೇರೆ ಡಬ್ಬಿಯನ್ನು ಹೊರತೆಗೆದವನು ಯಾರು? ತಾನೇ ವಿಧಿಸಿದ ಆಜ್ಞೆಯನ್ನು ಮೀರಿದವನು ಅವನು, ಪಾಲಿಸಿದವನು ವರ್ಲಿನ್. ಇದಕ್ಕಿಂತ ರೇಜಿಗೆಯ ಸಂಗತಿ ಈ ಲೋಕದಲ್ಲಿ ಮತ್ತೊಂದುಂಟೇ!

"ಅಷ್ಟು ದೊಡ್ಡ ಡಬ್ಬೀಲಿ ಒಂದು ಹಿಡಿ ತಾನೇ," ಎಂದನು ವರ್ಲಿನ್ ತಗ್ಗಿದ ದನಿಯಲ್ಲಿ. "ಚೆನ್ನಾಗಿ ಕುಲುಕಿದ್ರೆ ಬೆರೆತು ಹೋಗಲ್ವಾ? ಮೈಟೆಗೆ ಮಾತು ಬೇರೆ ಕೊಟ್ಟಿದೀರಿ."

ಇದೇ ಯೋಚನೆ ಓರಿನನ ತಲೆಯಲ್ಲೂ ಆಗಲೇ ಬಂದು ಕುಳಿತಿತ್ತು. ಶೋಧಕನಾದ ಸೈತಾನನು ಯಾವಾಗಲೂ ಸದ್ಬುದ್ಧಿಯ ದನಿಯಲ್ಲೇ ಮಾತಾಡುತ್ತಾನೆ. ಒಂದು ಹಿಡಿ ತಾನೇ. ಅವನು ಡಬ್ಬಿಯನ್ನು ಕೈಯಲ್ಲಿ ತೂಗಿದನು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವನೀಗ ಹೆಚ್ಚು ಹೊಡೆಯುತ್ತಿರಲಿಲ್ಲ. ದುರ್ಬೀನು ಹಿಡಿದು ಗುರಿ ಹೇಳುತ್ತಿದ್ದನು. ನಾಳೆ ಕೋವಿಯ ಬೀಗದ ಪಕ್ಕಕ್ಕೇ ಕೆನ್ನೆ ಒತ್ತಿ ಮಲಗುವವನು ವರ್ಲಿನ್. ಆ ಕೆನ್ನೆಯನ್ನು, ಅದರ ಮೇಲೆ ಅಂಟಿದ್ದ ಪ್ಯಾನ್‌ಕೇಕಿನ ಪಾಕವನ್ನು ಓರಿನ್ ಒಂದು ಗಳಿಗೆ ನೋಡಿದನು.

"ಬಾ," ಎಂದು ಹೊರಗೆ ನಡೆದನು.

ಲೂಯೆಲ್ಲಾ ಹುಳಿದಂಟಿನ ರೂಬಾರ್ಬಿನ ಪಾತಿಯಲ್ಲಿ ಕಳೆ ಕೀಳುತ್ತಿದ್ದಳು. ಓರಿನ್ ಡಬ್ಬಿಯನ್ನು ಬಗ್ಗಿಸಿ, ಬಿತ್ತುವವನಂತೆ ಕೈ ಬೀಸಿ ಮದ್ದನ್ನು ಪಾತಿಯುದ್ದಕ್ಕೂ ಚೆಲ್ಲತೊಡಗಿದನು. ಕೆಟ್ಟ ಮದ್ದಿಗೆ ನಮ್ಮಲ್ಲಿ ಇದೇ ಗತಿ. ಗಿಡಕ್ಕೆ ಒಳ್ಳೆಯ ಗೊಬ್ಬರ.

"ಇಡೀ ಡಬ್ಬಿನಾ?" ಎಂದು ಅವಳು ಸೊಂಟ ನೆಟ್ಟಗೆ ಮಾಡಿದಳು. "ಯಾರು ಕೆಡಿಸಿದ್ದು?"

ವರ್ಲಿನ್ ತಲೆ ತಗ್ಗಿಸಿದನು. ಓರಿನ್ ಡಬ್ಬಿಯ ತಳ ತಟ್ಟಿ ಕೊನೆಯ ಕಾಳನ್ನೂ ಉದುರಿಸಿದನು.

"ನಾನೇ," ಎಂದನು ಕೊನೆಗೆ.

"ನೀನಾ? ಇಷ್ಟು ಗೊಬ್ಬರಕ್ಕೆ ಈ ಸಲ ರೂಬಾರ್ಬ್ ಮರ ಆಗತ್ತೆ ಬಿಡು," ಎಂದಳು ಲೂಯೆಲ್ಲಾ. "ಮೈಟೆಗೆ ಏನು ಹೇಳ್ತೀಯ?"

ಕಠಿಣವಾದ ಭಾಗ ಇನ್ನೂ ಬಾಕಿಯಿತ್ತು. ಆ ಕೋವಿಗೆ ಹೊಂದುವ ತೋಟಾ ಕಣಿವೆಯಲ್ಲಿ ಇದ್ದುದು ಒಂದೇ ಜಾಗದಲ್ಲಿ, ಹಾಲಿನ ಕೋಣೆಯ ಮೇಲಿನ ಹಲಗೆಯ ಹಿಂಬದಿಯಲ್ಲಿ. ವರ್ಲಿನ್ ಇಲ್ಲದಾಗ ಇಳಿಸಬಹುದಿತ್ತು. ಆದರೆ ವರ್ಲಿನ್ ಇಲ್ಲದ ಗಳಿಗೆ ಎಂಬುದೊಂದು ಇದ್ದರೆ ತಾನೇ. ಅವನು ಏಣಿ ಹಿಡಿದು ನಿಂತೇ ಇದ್ದನು. ಓರಿನ್ ಒಂದೊಂದಾಗಿ ಪೆಟ್ಟಿಗೆಗಳನ್ನು ಕೆಳಕ್ಕೆ ಕೊಟ್ಟನು. ಹಳೆಯವುಗಳ ಮೇಲೆ ಬೆರಳು ಊರುವಷ್ಟು ಧೂಳು. ಒಂದರ ಅಂಟುಪಟ್ಟಿಯೂ ಹರಿದಿರಲಿಲ್ಲ.

ವರ್ಲಿನ್ ಅವನ್ನು ಅಂಗೈಯಿಂದ ಒರೆಸುತ್ತ ಬಹಳ ಹೊತ್ತು ಮಾತಾಡಲಿಲ್ಲ. ಓರಿನ್ ವರ್ಷಗಳಿಂದ ಬೇಡಿಕೊಂಡಿದ್ದ ಮೌನ ಕೊನೆಗೂ ದೊರೆತಿತ್ತು, ಅವನಿಗದನ್ನು ಸಹಿಸಲಾಗಲಿಲ್ಲ.

"ಒಂದೂ ಬಿಚ್ಚಿಲ್ವಾ ಭಾವ?"

"ಇಲ್ಲ."

"ನಾನು ಪ್ರತಿ ವರ್ಷ ಅಂಗಡಿಯೋನ ಹತ್ರ ಹೇಳ್ತಿದ್ದೆ. ನಮ್ಮ ಭಾವ ಭಾರಿ ಗುರಿಕಾರ, ಅವರಿಗೆ ಒಳ್ಳೇದೇ ಕೊಡಪ್ಪಾ ಅಂತ."

ಓರಿನ್ ಏಣಿಯಿಂದ ಇಳಿದನು. "ಸೊಕ್ಕು, ವರ್ಲಿನ್. ಬೇರೇನೂ ಅಲ್ಲ. ನಾನು ಕಟ್ಟಿದ್ದಲ್ಲ ಅನ್ನೋ ಸೊಕ್ಕು. ತಪ್ಪಾಯ್ತು. ನಾಳೆ ಇದೇ ಹೊಡೆಯೋಣ. ನೀನು ತಂದಿದ್ದು ಇಲ್ದಿದ್ರೆ ಮೈಟೆ ಮುಂದೆ ನನ್ನ ಮಾತು ಮಣ್ಣುಪಾಲಾಗ್ತಿತ್ತು."

ಶನಿವಾರ ಬೆಳಿಗ್ಗೆ ಮೈಟೆಯ ಹೊಲದ ಬದುವಿನ ಮೇಲೆ ವರ್ಲಿನ್ ಹೊಟ್ಟೆಯ ಮೇಲೆ ಮಲಗಿದನು, ಓರಿನ್ ದುರ್ಬೀನು ಹಿಡಿದನು. ಬೇರೆ ಕೋವಿಗಳೊಂದಿಗೆ ನೆರೆಯವರೂ ಬಂದಿದ್ದರು. ಅಂಗಡಿಯ ತೋಟಾ ಅಂಗಡಿಯ ತೋಟಾದಂತೆಯೇ ಹಾರಿತು. ಒಂದು ಎಡಕ್ಕೆ, ಒಂದು ಬಲಕ್ಕೆ. ಒಂದು ಅಳಿಲು ತನ್ನ ಪಕ್ಕದಲ್ಲಿ ಎದ್ದ ಮಣ್ಣನ್ನು ನೋಡಿ, ಚಿಗುರು ಅಗಿಯುತ್ತಲೇ ಓರಿನನ ಕಡೆ ತಿರುಗಿತು. ಓರಿನ್ ದುರ್ಬೀನನ್ನು ಕಣ್ಣಿಗೆ ಇನ್ನಷ್ಟು ಒತ್ತಿ ಹಿಡಿದನು.

"ಎಡಕ್ಕೆ ಹೋಯ್ತು."

"ಗುಂಡು ಎಡಕ್ಕೋ, ನಾನು ಎಡಕ್ಕೋ?"

"ಇಬ್ಬರೂ. ಉಸಿರು ಬಿಟ್ಟು ಹೊಡಿ. ಮತ್ತೆ ಮಾತು ನಿಲ್ಸಿ ಹೊಡಿ!"

ಮಧ್ಯಾಹ್ನ ಮೈಟೆ ಕುರಿಮಾಂಸದ ಸಾರನ್ನೂ ರೊಟ್ಟಿಯನ್ನೂ ಹೊತ್ತು ಬರುವ ಹೊತ್ತಿಗೆ ಹೊಲದ ಹಸಿರು ಬದಿಯಲ್ಲಿ ಸೀಟಿ ಹೊಡೆಯುವ ಅಳಿಲುಗಳು ವಿರಳವಾಗಿದ್ದವು. ಎಲ್ಲವೂ ಸತ್ತಿರಲಿಲ್ಲ. ಆದರೆ ಉಳಿದರ್ಧ ಕೊಯ್ಲಿಗೆ ಬರುತ್ತದೆಂದು ಅವಳು ಹೇಳಿ, ಓರಿನನ ಕೈ ಹಿಡಿದುಕೊಂಡಳು. "ಮಾತು ಉಳಿಸಿದ್ರಿ."

"ಉಳಿಸಿದ್ದು ಅವನು," ಎಂದು ಓರಿನ್ ಬದುವಿನ ಕಡೆ ಕೈ ತೋರಿದನು.

ಅಲ್ಲಿ ವರ್ಲಿನ್, ನೋಯುವ ಮೊಣಕಾಲುಗಳನ್ನೂರಿ ಅಂಬೆಗಾಲಿಡುತ್ತ, ಹುಲ್ಲಿನಲ್ಲಿ ಏನನ್ನೋ ಹೆಕ್ಕಿ ಕಾಫಿ ಡಬ್ಬಿಗೆ ಹಾಕುತ್ತಿದ್ದನು. ಭಾವನಿಗೆ ಖಾಲಿ ಚಿಪ್ಪೆಂದರೆ ಪ್ರಾಣವೆಂಬುದು ಅವನಿಗೆ ಗೊತ್ತಿತ್ತು.

ಮನೆಗೆ ಬಂದು ಓರಿನ್ ಆ ಡಬ್ಬಿಯನ್ನು ಮೇಜಿನ ಮೇಲೆ ಬಗ್ಗಿಸಿದನು. ತಮ್ಮ ಕೋವಿಯವು, ನೆರೆಯವರ ಮೂರು ಬಗೆಯ ಕೋವಿಗಳವು, ತುಳಿದು ಚಪ್ಪಟೆಯಾದವು, ಕಿಲುಬು ಹಿಡಿದ ಕಳೆದ ವರ್ಷದವು, ಒಂದೆರಡು ಕುರಿಯ ಹಿಕ್ಕೆಗಳು. ಹೆಚ್ಚುಕಡಿಮೆ ಒಂದೇ ಗಾತ್ರದ ಇವನ್ನೆಲ್ಲ ಬುಡದ ಅಕ್ಷರ ಓದಿ ಬೇರ್ಪಡಿಸಲು ಭಾನುವಾರದ ಆರಾಧನೆ ಕಳೆದು ಇಡೀ ವಾರ ಬೇಕು.

"ಇದೇನಪ್ಪಾ ಇದು!"

"ಎಲ್ಲಾ ಹಿತ್ತಾಳೆನೇ ಅಲ್ವಾ ಭಾವ?"

ಓರಿನ್ ಕಣ್ಣು ಮುಚ್ಚಿದನು. ತುಟಿಗಳು ಅಲುಗಿದವು, ಪ್ರಾರ್ಥನೆಯೋ ಮತ್ತೇನೋ, ಕೇಳಿಸಿಕೊಂಡವನು ದೇವರೊಬ್ಬನೇ. ಬಳಿಕ ಅವನು ಗೋಡೆಯ ಬದಿಯಿಂದ ಇನ್ನೊಂದು ಮೂರು ಕಾಲಿನ ಪೀಠವನ್ನು ಎಳೆದು ತನ್ನ ಪೀಠದ ಪಕ್ಕಕ್ಕಿಟ್ಟು, ಭೂತಗನ್ನಡಿಯನ್ನು ವರ್ಲಿನನ ಕೈಗೆ ಕೊಟ್ಟನು.

"ಕೂತ್ಕೋ. ಬುಡದಲ್ಲಿ ಏನು ಬರೆದಿದೆ ಓದು. ಈ ಕೆಲಸದಲ್ಲಿ ಮಾತಾಡಿದ್ರೂ ಯಾರ ಕೈಯೂ ಹೋಗಲ್ಲ."

"ಹಾಗಾದ್ರೆ ದೋಣಿ ಕಥೆ ಮುಗಿಸ್ಲಾ?"

"ಮುಗಿಸು," ಎಂದನು ಓರಿನ್, ತಾನೇ ಅಚ್ಚಿನೊಳಗೆ ಬಿಗಿಯಾಗಿ ಒತ್ತಿಸಿಕೊಂಡವನಂತೆ ನಿಟ್ಟುಸಿರಿಟ್ಟು.