ಬಾಳೆಲೆಯ ಮೇಲೆ ಕಾರ್ಬೊರೇಟರ್

ಹಾಲೇಶಣ್ಣ ಕಾರ್ಬೊರೇಟರ್ ಬಿಚ್ಚುವ ಮುಂಚೆ ಎಲೆ ಹಾಕುತ್ತಿದ್ದರು. ನಾವು ಊಟಕ್ಕೆ ಹಾಕುವ ಬಾಳೆಲೆಯೇ. ಹರಿಹರದ ಅವರ ಶೆಡ್ಡಿನ ಹಿಂದೆ ಬಚ್ಚಲ ನೀರು ಕುಡಿದು ಬೆಳೆದ ನಾಲ್ಕು ಬಾಳೆಗಿಡಗಳಿದ್ದವು. ಅದರಲ್ಲೊಂದು ಕುಡಿ ಎಲೆ ಕೊಯ್ದು, ನೀರು ಚಿಮುಕಿಸಿ ಒರೆಸಿ, ತುದಿ ತಮ್ಮ ಎಡಕ್ಕೆ ಬರುವಂತೆ ಬೆಂಚಿನ ಮೇಲೆ ಹಾಸುವರು. ಆಮೇಲೆ ಒಂದೊಂದೇ ಭಾಗ ಬಿಚ್ಚಿ ಬಡಿಸುವರು. ಉಪ್ಪಿನ ಜಾಗಕ್ಕೆ ಸಾಸಿವೆಗಿಂತ ತುಸು ದಪ್ಪನೆಯ ಒಂದು ಉಕ್ಕಿನ ಗುಂಡು. ಉಪ್ಪಿನಕಾಯಿಯ ಜಾಗಕ್ಕೆ ಪೆಟ್ರೋಲು ಹಾಯುವ ಹಿತ್ತಾಳೆಯ ಜೆಟ್ಟುಗಳು. ಪಲ್ಯ, ಕೋಸಂಬರಿಯ ಸಾಲಿನಲ್ಲಿ ಸ್ಕ್ರೂ, ಸ್ಪ್ರಿಂಗು. ನಡುವೆ ಅನ್ನದ ಗುಡ್ಡೆಯ ಹಾಗೆ ಕಾರ್ಬೊರೇಟರಿನ ಮೈ.

"ಮನುಷ್ಯ ಹೆಂಡ್ತಿ ಹೆಸರು ಮರೀಬೋದು ಅಕ್ಕಾರೆ. ಎಲಿ ಮ್ಯಾಲೆ ಯಾವುದು ಎಲ್ಲಿ ಬಡಿಸ್ಬೇಕು ಅನ್ನಾದು ಮರಿಯಲ್ಲ" ಎನ್ನುವರು.

ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಆದರೂ ನನ್ನನ್ನು ಕರೆಯುತ್ತಿದ್ದುದು ಅಕ್ಕಾರೆ ಎಂದೇ. ಯಾವುದೋ ಕಾರ್ಖಾನೆಯಲ್ಲಿ ಯಂತ್ರದ ಮುಂದೆ ನಿಂತು ನಿವೃತ್ತರಾದ ಮೇಲೆ ಗಾಡಿ ರಿಪೇರಿಗೆಂದು ಮನೆಯ ಪಕ್ಕದಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಬಿಳಿ ಬನಿಯನ್ನು, ಮಂಡಿಗೆ ಎತ್ತಿ ಕಟ್ಟಿದ ಪಂಚೆ, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ. ಪೆಟ್ರೋಲ್ ಗಾಡಿ ಬಿಟ್ಟು ಬೇರೆಯದನ್ನು ಮುಟ್ಟುತ್ತಿರಲಿಲ್ಲ. ಯಾರಾದರೂ ಡೀಸೆಲ್ ಗಾಡಿ ತಂದರೆ, "ಆ ಕಡಿ ರೋಡ್ನ್ಯಾಗ ಬಾಳ ಜನ ಅದಾರೆ, ಅಲ್ಲಿಗೆ ಹೋಗ್ರಿ. ಇದು ಬಂದ್ರೆ ನಮ್ಮನಿ ಗೂಡಿನಾಗಿನ ಲೋಟ ಎಲ್ಲ ಕುಣೀತಾವೆ" ಎಂದು ಕೈಮುಗಿದು ಕಳಿಸುವರು.

ನಮ್ಮ ಜೀಪು ಅವರ ಬಳಿಗೆ ಬಂದದ್ದು ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿಸಿಕೊಂಡು. ಅದು ನಮ್ಮ ಮಾವನವರದು. ನಾಲ್ಕೂ ಗಾಲಿ ಎಳೆಯುವ ಹಳೆಯ ಪೆಟ್ರೋಲ್ ಜೀಪು. ಮದುವೆಯಾದ ವರ್ಷ ಭಾನುವಳ್ಳಿಯ ಕಾಲುವೆ ಏರಿಯ ಮೇಲೆ ಮಾವನವರು ನನಗೆ ಗಾಡಿ ಕಲಿಸಿದ್ದು ಅದರಲ್ಲೇ. ಅವರು ತೀರಿಕೊಂಡ ಮೇಲೆ ಅದು ಹೊಲದ ಶೆಡ್ಡಿನಲ್ಲಿ ನಿಂತೇ ಹೋಯಿತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡತೊಡಗಿದವು. ಪ್ರಯತ್ನಪಟ್ಟರೆ ಸ್ಟಾರ್ಟ್ ಆಗುತ್ತಿತ್ತು, ಕಪ್ಪು ಹೊಗೆ ಉಗುಳುತ್ತಿತ್ತು, ಆಕ್ಸಿಲರೇಟರ್ ಒತ್ತಿದೊಡನೆ ಸಾಯುತ್ತಿತ್ತು.

ನಮ್ಮ ಯಜಮಾನರು ಅದನ್ನು ಆವರಗೆರೆಯವರೊಬ್ಬರಿಗೆ ಮಾರುವುದಾಗಿ ಮಾತಾಡಿಬಿಟ್ಟಿದ್ದರು. ಅವರು ಅದರ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂಡಿಸುವವರಿದ್ದರು. ಎರಡು ದಿನ ನಾನು ಮಾತು ಬಿಟ್ಟೆ. ಮೂರನೆಯ ದಿನ ಊಟಕ್ಕೆ ಕೂತಾಗ ಅವರೇ ಒಂದು ಷರತ್ತು ಹಾಕಿದರು.

"ಯಾವನಾರ ರಿಪೇರಿ ಮಾಡ್ಲಿ. ಹರಿಹರದಿಂದ ಈ ಮನಿಗಂಟ ಒಂದ್ ಸಲನೂ ಬಂದ್ ಬೀಳದಂಗೆ ಬಂತಾ, ಇಟ್ಕೊಳಾನ. ದಾರ್ಯಾಗ ಬಂದ್ ಬಿತ್ತಾ, ಅಲ್ಲಿಂದ ಸೀದಾ ಆವರಗೆರೆ."

"ಯಾರು ಓಡ್ಸಾದು?"

"ನೀನೇ. ಬೇಕಾಗಿರಾದು ನಿನಗಲ್ಲೇನು?"

ಇದನ್ನು ಹೇಳಿದಾಗ ಹಾಲೇಶಣ್ಣ ನಗಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟು, "ಯಜಮಾನ್ರೆ, ಈ ಪರೀಕ್ಷಿ ಅಕ್ಕಾರಿಗೋ ನನಗೋ?" ಎಂದು ಕೇಳಿದರು.

"ಜೀಪಿಗೆ."

"ಹಂಗಾರೆ ಕೂಡ್ರಿ. ಅದರ ಪರವಾಗಿ ನಾವು ಬರಿಯಾನ."

ಆ ಭಾನುವಾರ ಎಲೆಯ ಮುಂದೆ ಅವರ ಎದುರು ಮುಕ್ಕಾಲಿಯ ಮೇಲೆ ಕೂತಿದ್ದೆ. ಹೋಳಿಗೆಯ ಜಾಗದಲ್ಲಿ ಪುಟ್ಟ ಹಿತ್ತಾಳೆ ಡಬ್ಬಿಯೊಂದನ್ನು ಇಡಹೋದವರು ತಡೆದು, ನನ್ನ ಕೈಗೆ ಕೊಟ್ಟರು. "ಕಿವಿ ಹತ್ರ ಹಿಡ್ದು ಅಲ್ಲಾಡ್ಸಿ ನೋಡ್ರಿ." ಒಳಗೆ ಎಳನೀರಿನ ಹಾಗೆ ಏನೋ ತುಳುಕಿತು. ಅವರ ಹೆಂಡತಿ ಗಿರಿಜಕ್ಕ ಬೋಗುಣಿಯಲ್ಲಿ ಬಿಸಿನೀರು ತಂದರು. ಡಬ್ಬಿಯನ್ನು ಮುಳುಗಿಸಿದೊಡನೆ ಸೂಜಿಮೊನೆಯಷ್ಟು ಜಾಗದಿಂದ ಗುಳ್ಳೆಗಳು ಸಾಲುಗಟ್ಟಿ ಮೇಲೆದ್ದವು.

"ಇದು ಪೆಟ್ರೋಲ್ನ್ಯಾಗ ತೇಲ್ತಾ ಇರ್ಬೇಕು. ತುಂಬಿತು ಅಂದ್ರೆ ಮ್ಯಾಲೆ ಬಂದು ಬಾಗ್ಲು ಹಾಕ್ಬೇಕು. ತೂತು ಬಿದ್ದು ಮುಳುಗೈತೆ. ಹೊಟ್ಟಿ ತುಂಬಿದ್ರೂ ಸಾಕು ಅನ್ನಾಕ ಬರ್ತಿಲ್ಲ ಪಾಪ, ಅದಕ್ಕೇ ಉಸಿರುಗಟ್ಟೈತೆ."

ತೂತಿಗೆ ಬೆಸುಗೆ ಹಾಕಿ, ಅದರ ಭಾರಕ್ಕೆ ಡಬ್ಬಿ ಮತ್ತೆ ಮುಳುಗೀತೆಂದು ಅರ್ಧ ಗಂಟೆ ಅರದಿಂದ ಉಜ್ಜಿದರು. ಒಂದೊಂದು ಜೆಟ್ಟನ್ನೂ ಸೈಕಲ್ ಪಂಪಿನಿಂದ ಊದಿ, ಸೂರ್ಯನ ಕಡೆ ಹಿಡಿದು ನೋಡಿದರು. ಎಲ್ಲವೂ ತೊಳೆದು ಎಲೆಯ ಮೇಲೆ ಫಳಫಳ ಹೊಳೆಯುತ್ತಿತ್ತು. ಇನ್ನು ಜೋಡಿಸುವುದಷ್ಟೇ ಬಾಕಿ. ಕೈ ತೊಳೆದು ಬರುತ್ತೇನೆಂದು ಎದ್ದು ಹೋದರು.

ಅಷ್ಟರಲ್ಲಿ ಗಿರಿಜಕ್ಕ ದೊಡ್ಡ ಪಾತ್ರೆಯಲ್ಲಿ ಒಗ್ಗರಣೆ ಮಂಡಕ್ಕಿ ಹೊತ್ತು ಬಂದರು. ಕನ್ನಡಕ ಒಳಗೇ ಬಿಟ್ಟಿದ್ದರು. ತಮ್ಮ ತಂಗಿಯ ಮಗಳಿಗೆ ಗಂಡು ನೋಡಿದ ಕಥೆಯನ್ನು ನನ್ನ ಮುಖ ನೋಡಿಕೊಂಡೇ ಹೇಳುತ್ತಿದ್ದರು. ಎದುರಿಗೆ ಎಲೆಯಿತ್ತು, ಎಲೆಯ ಮುಂದೆ ಕೂತ ಅತಿಥಿಯಿದ್ದಳು. ಕಥೆ ನಿಲ್ಲಿಸದೆ, ಎರಡೂ ಕೈಯಿಂದ ಪಾತ್ರೆ ಬಗ್ಗಿಸಿ ಧಾರಾಳವಾಗಿ ಸುರಿದೇಬಿಟ್ಟರು. ನಾನು ಬಾಯಿ ತೆರೆಯುವುದರೊಳಗೆ ನಮ್ಮ ಯಜಮಾನರು, ಬೆಳಗಿನಿಂದ ಹಸಿದವರು, ಹಿಂದಿನಿಂದ ಕೈಚಾಚಿ ಒಂದು ಮುಷ್ಟಿ ಎತ್ತಿ ಬಾಯಿಗೆ ಹಾಕಿಕೊಂಡರು.

ಹಾಲೇಶಣ್ಣ ಕೈ ಒರೆಸುತ್ತ ಬಂದು ಎಲೆ ನೋಡಿದರು.

"ಗಿರಿಜಾ, ಏನ್ ಮಾಡ್ದೆ?"

"ಎಲಿ ಹಾಕಿ ಕುಂದ್ರಿಸೀರಿ, ಬಡಿಸಿದೆ. ಮತ್ತೆ ಎಲಿ ಹಾಕಿ ಹಂಗೇ ಕಳಿಸ್ಬೇಕಿತ್ತಾ ಅವರನ್ನ?"

ನಾನು ಮೊರ ಕೇಳಿದೆ. ಇಷ್ಟು ವರ್ಷ ಅಕ್ಕಿ ಬೇಳೆ ಕೇರಿದವಳು. ಹಗುರವಾದದ್ದು ಹಾರಬೇಕು, ಭಾರವಾದದ್ದು ಉಳಿಯಬೇಕು, ಅಷ್ಟೇ ತಾನೆ. ಅಂಗಳದ ತುಂಬ ಮಂಡಕ್ಕಿ ಹಾರಿತು, ಬೀದಿಯ ಕೋಳಿಗಳೆಲ್ಲ ಓಡಿ ಬಂದವು. ಮೊರದ ಮೂಲೆಯಲ್ಲಿ ಜೆಟ್ಟು, ಸ್ಕ್ರೂ, ಸ್ಪ್ರಿಂಗುಗಳು ಶೇಂಗಾ ಬೀಜದ ಜೊತೆ ಉಳಿದವು. ಹಾಲೇಶಣ್ಣ ಒಂದೊಂದನ್ನೇ ಒರೆಸಿ ಎಣಿಸಿದರು. ಉಪ್ಪಿನ ಜಾಗದ ಗುಂಡು ಮಾತ್ರ ಇಲ್ಲ.

ಎಲ್ಲರೂ ನಮ್ಮ ಯಜಮಾನರ ಕಡೆ ತಿರುಗಿದೆವು.

"ಯಜಮಾನ್ರೆ, ಹಲ್ಲಿಗೆ ಏನಾರ ಸಿಕ್ತಾ?"

"ಒಂದ್ ಕಲ್ಲು ಸಿಕ್ತಪ್ಪ" ಎಂದರು ಅವರು ಸಂಕೋಚದಿಂದ. "ಗಿರಿಜಕ್ಕ ಇಷ್ಟ್ ಪ್ರೀತಿಯಿಂದ ಕೊಟ್ಟಾರೆ, ಅವರೆದ್ರಿಗೆ ಉಗುಳಾದು ಹೆಂಗೆ ಅಂತ ನುಂಗ್ಬಿಟ್ಟೆ."

ಬೇಕೆಂತಲೇ ನುಂಗಿದರೋ ಎಂದು ನನಗೆ ಒಂದು ಕ್ಷಣ ಅನುಮಾನ ಬಂದದ್ದು ನಿಜ. ಆದರೆ ಅವರ ಮುಖ ಬಿಳಿಚಿಕೊಂಡಿತ್ತು. "ಏನೂ ಆಗಲ್ಲ ಅಲ್ಲ ಹಾಲೇಶಣ್ಣ?"

"ಏನಾಗ್ತೈತ್ರಿ? ಬಾಳೆಹಣ್ಣು ತಿನ್ರಿ, ಇಳ್ದು ಹೋಗ್ತೈತೆ. ವಾಪಸ್ ಮಾತ್ರ ತಂದುಕೊಡಬ್ಯಾಡ್ರಿ."

ಗಿರಿಜಕ್ಕ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದರು.

ಆದರೆ ಆ ಗುಂಡಿಲ್ಲದೆ ಆಗುವಂತಿರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಇಂಜಿನ್ನಿಗೆ ಒಂದು ಗುಟುಕು ಹೆಚ್ಚಿಗೆ ಪೆಟ್ರೋಲು ಚಿಮ್ಮಬೇಕು. ಅದು ಹಿಂದಕ್ಕೆ ಜಾರದಂತೆ ತಡೆಯುವುದು ಆ ಗುಂಡು. ಭಾನುವಾರ, ಅಂಗಡಿಗಳು ಮುಚ್ಚಿದ್ದವು. ಹಾಲೇಶಣ್ಣ ಗಲ್ಲ ಕೆರೆದುಕೊಂಡರು. ಆಮೇಲೆ ಗೋಡೆಗೆ ಒರಗಿಸಿದ್ದ ತಮ್ಮ ಸೈಕಲ್ಲನ್ನು ತಲೆಕೆಳಗು ಮಾಡಿ, ಹಿಂದಿನ ಚಕ್ರದ ಫ್ರೀವೀಲ್ ಬಿಚ್ಚಿದರು. ಒಳಗಿಂದ ಒಂದು ಗುಂಡು ಸೂಜಿಯಿಂದ ಎಬ್ಬಿಸಿ ಅಳೆದು ನೋಡಿದರು. ಅಳತೆ ಅದೇ.

"ನಾಳಿ ಸಂತಿಗೆ ಹೆಂಗ ಹೋಗ್ತೀರಿ?" ಒಳಗಿನಿಂದ ಗಿರಿಜಕ್ಕನ ದನಿ.

"ಇನ್ನ ಬೇಕಾದಷ್ಟು ಅದಾವೆ ಕಣೇ. ಒಂದು ಕೊಟ್ರೆ ಸೈಕಲ್ ಏನ್ ಮುನಿಸ್ಕೊಳ್ಳಲ್ಲ."

ನಾಲ್ಕು ಗಂಟೆಗೆ ಇಂಜಿನ್ ಸ್ಟಾರ್ಟ್ ಆಯಿತು. ಹಾಲೇಶಣ್ಣ ಕಾರ್ಬೊರೇಟರಿನ ಒಂದು ಸ್ಕ್ರೂ ತೋರಿಸಿ, ಸ್ಕ್ರೂಡ್ರೈವರ್ ನನ್ನ ಕೈಗೆ ಕೊಟ್ಟು ಕಣ್ಣು ಮುಚ್ಚಿ ನಿಂತರು. "ಹೊರಗ ತಿರುವ್ರಿ... ಇನ್ನ ಒಂಚೂರು... ಸಾಕು. ಈಗ ಕೇಳ್ರಿ. ಊಟ ಆದ್ಮ್ಯಾಲೆ ಮಲಗಿದೋರ ಉಸಿರಿನಂಗೆ ಐತೆ." ನಿಜವಾಗಿ ಹಾಗೆಯೇ ಇತ್ತು.

ಯಜಮಾನರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಪಕ್ಕದಲ್ಲಿ ಕೂತರು. ಹರಿಹರ ದಾಟಿದೆವು, ಲಾರಿಗಳ ನಡುವೆ ಹಳೆಯ ರಸ್ತೆ ಹಿಡಿದೆವು; ನಾನು ರಸ್ತೆಗಿಂತ ಹೆಚ್ಚು ಇಂಜಿನ್ ಕಡೆಗೇ ಕಿವಿಯಿಟ್ಟಿದ್ದೆ. ದಾವಣಗೆರೆಯೊಳಗೆ ಬಂದು, ಇನ್ನೇನು ಮನೆ ಬಂತು ಎನ್ನುವಾಗ ರೈಲ್ವೆ ಗೇಟು ಬಿತ್ತು. ಸುತ್ತ ಎಲ್ಲರೂ ಗಾಡಿ ಬಂದ್ ಮಾಡಿದರು. ನಾನು ಮಾಡುವ ಹಾಗಿರಲಿಲ್ಲ. ಗೂಡ್ಸ್ ರೈಲು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಒಮ್ಮೆ ಇಂಜಿನ್ನಿನ ದನಿ ಇಳಿಯಿತು, ಸ್ಟೇರಿಂಗು ನಡುಗಿತು. ಮೆಲ್ಲಗೆ ಕಾಲು ಒತ್ತಿದೆ. ತಡವರಿಸದೆ ಎದ್ದುಕೊಂಡಿತು. ಯಜಮಾನರು ರೈಲಿನ ಡಬ್ಬಿ ಎಣಿಸುತ್ತಿದ್ದರು.

ಮನೆ ಮುಟ್ಟಿದ ಮೇಲೆ ಅವರೇ ಆವರಗೆರೆಗೆ ಫೋನ್ ಮಾಡಿದರು. "ಇಲ್ರಿ, ಕೊಡಲ್ಲ. ನಂದೇನೂ ಇಲ್ಲ, ಮನ್ಯಾಗ ಒಪ್ತಿಲ್ಲ ನೋಡ್ರಿ" ಎಂದರು. ನಾನು ಒಳಗೆ ಹೋಗಿ ಬಾಳೆಹಣ್ಣು ತಂದುಕೊಟ್ಟೆ.

ಆಮೇಲೆ ವರ್ಷಕ್ಕೆರಡು ಸಲ ಹರಿಹರಕ್ಕೆ ಹೋಗುವುದು ರೂಢಿಯಾಯಿತು. ನಡುವೆ ಏನಾದರೂ ಅನುಮಾನ ಬಂದರೆ ಫೋನ್ ಹಚ್ಚಿ ಬಾನೆಟ್ಟಿನ ಮೇಲಿಡುತ್ತಿದ್ದೆ. ಹಾಲೇಶಣ್ಣ ಆ ಕಡೆಯಿಂದ ಕೇಳಿಸಿಕೊಂಡು, "ಏನೂ ಆಗಿಲ್ರಿ. ನೀವ್ ಅನುಮಾನ ಮಾಡಾದು ಕಮ್ಮಿ ಮಾಡ್ರಿ" ಎನ್ನುವರು.

ಅವರು ತೀರಿಕೊಂಡು ವರ್ಷವಾಗುತ್ತ ಬಂತು. ಕೊನೆಯ ಸಲ ಕಂಡಾಗ ಮಂಡಿನೋವಿನಿಂದ ಶೆಡ್ಡು ಮುಚ್ಚಿ, ಗಲ್ಲಿಯೊಳಗಿನ ಮಗಳ ಮನೆಗೆ ಬಂದಿದ್ದರು. ಜೀಪಿನಲ್ಲಿ ಕೂಡಿಸಿಕೊಂಡು ಹೊಳೆಯ ತನಕ ಒಂದು ಸುತ್ತು ಹಾಕಿಸಿದೆವು. ಮುಂದೆ ಅವರು, ಹಿಂದೆ ನಮ್ಮ ಯಜಮಾನರು. ದಾರಿಯುದ್ದಕ್ಕೂ ಹಾಲೇಶಣ್ಣ ಕಣ್ಣು ಮುಚ್ಚಿಕೊಂಡು, ಇಂಜಿನ್ ಕೇಳುತ್ತ ಸಣ್ಣಗೆ ನಗುತ್ತಿದ್ದರು. ಗಲ್ಲಿ ಇಕ್ಕಟ್ಟು, ಜೀಪು ಒಳಗೆ ಹೋಗುವಂತಿರಲಿಲ್ಲ. ಗಲ್ಲಿಯ ಬಾಯಲ್ಲೇ ಇಳಿದರು.

"ಬಂದ್ ಮಾಡಬ್ಯಾಡ್ರಿ ಅಕ್ಕಾರೆ. ಮನಿ ಮುಟ್ಟಾಗಂಟ ಕೇಳ್ಕೋತ ಹೋಗ್ತೀನಿ."

ಕೋಲೂರಿಕೊಂಡು ನಿಧಾನವಾಗಿ ನಡೆದರು. ಒಮ್ಮೆಯೂ ಹಿಂದಿರುಗಿ ನೋಡದೆ ಮೂಲೆ ತಿರುಗಿದರು. ಮನೆ ಮುಟ್ಟಿರಬೇಕೆಂದು, ಬಂದ್ ಮಾಡಲು ನಾನು ಕೀಲಿಗೆ ಕೈ ಹಾಕಿದೆ.

ಹಿಂದಿನ ಸೀಟಿನಿಂದ ಯಜಮಾನರು ಮುಂದೆ ಬಾಗಿ, "ಇರ್ಲಿ ಬಿಡು" ಎಂದರು. "ಇನ್ನೂ ಬಾಗ್ಲು ಮುಟ್ಟಿರಲ್ಲ ಅವರು."