ಬ್ಲಾಕ್ ತಣ್ಣಗಾಗುವವರೆಗೆ

ಜಯಮಾಲಾ ಮಣ್ಣಿನ ಟ್ರ್ಯಾಕಿನ ಗೇಟಿನಲ್ಲಿ ಆಟೊದಿಂದ ಇಳಿದರೆ ಸಾಕು, ಯಾವನಾದರೂ ಒಬ್ಬ ಕೂಗುತ್ತಿದ್ದ.

"ಗೇಜಮ್ಮ ಬಂದ್ಳು ಮಗಾ! ಬಚ್ಚಿಡೋದಿದ್ರೆ ಈಗ್ಲೇ ಬಚ್ಚಿಟ್ಕೊಳ್ರೋ!"

ಕೆಲವರು ನಗುತ್ತಿದ್ದರು. ನಗದವರು ಮುಖ ತಿರುಗಿಸುತ್ತಿದ್ದರು. ಕುರ್ಚಿ ಕೊಡುವವರು ಯಾರೂ ಇರಲಿಲ್ಲವಾದ್ದರಿಂದ ಅವರು ಮಡಚುವ ಸ್ಟೂಲೊಂದನ್ನು ತಾವೇ ತರುತ್ತಿದ್ದರು. ನೀರಿನ ಬಾಟಲಿಯನ್ನು ಯಾವಾಗಲೂ ತಮ್ಮ ಕಾಲಿನ ಬಳಿಯೇ ಇಟ್ಟುಕೊಳ್ಳುತ್ತಿದ್ದರು. ಒಮ್ಮೆ ಯಾರೋ ಅದಕ್ಕೆ ಪೆಟ್ರೋಲ್ ಬೆರೆಸಿದ್ದರು.

ಇಂಥ ದ್ವೇಷ ಅವರಿಗೆ ಹೊಸದಲ್ಲ. ಮೂವತ್ತೊಂದು ವರ್ಷ ಕೆ.ಆರ್.ಪುರದ ಕಡೆಯ ಕಾರ್ಖಾನೆಯೊಂದರ ಗೇಜ್ ರೂಮಿನಲ್ಲಿ ಕೆಲಸ ಮಾಡಿದವರು. ಬೇರೆಯವರು ದಿನವಿಡೀ ದುಡಿದು ತಂದ ಭಾಗವನ್ನು ಅಳೆದು 'ಪಾಸ್' ಅಥವಾ 'ವಾಪಸ್' ಎನ್ನುವುದೇ ಆ ಕೆಲಸ. ಕ್ಯಾಂಟೀನಿನಲ್ಲಿ ಲೇತ್ ಯಂತ್ರದವರು ಅವರ ಮೇಜಿಗೆ ಬರುತ್ತಿರಲಿಲ್ಲ. ಜಯಮಾಲಾ ಒಬ್ಬರೇ ಊಟ ಮಾಡಿ, ಡಬ್ಬಿ ತೊಳೆದು, ಒಂದು ಗಂಟೆಗೆ ಸರಿಯಾಗಿ ತಮ್ಮ ಜಾಗದಲ್ಲಿರುತ್ತಿದ್ದರು. ನಿವೃತ್ತಿಯಾದ ಮೇಲೆ ರೇಸ್ ಕ್ಲಬ್ಬಿನ ಕಾರ್ಯದರ್ಶಿ ಶ್ರೀನಿವಾಸಮೂರ್ತಿ ಈಕೆಯನ್ನು ಹುಡುಕಿಕೊಂಡು ಬಂದದ್ದೂ ಇದಕ್ಕೇ. ಮೆಕ್ಯಾನಿಕ್‌ಗಳನ್ನು ಪರೀಕ್ಷಕರನ್ನಾಗಿ ಮಾಡಿದರೆ ಅವರಿಗೆ ಗಿರಾಕಿಗಳಿರುತ್ತಾರೆ, ನೆಂಟರಿರುತ್ತಾರೆ. ಈಕೆಗೆ ಆ ಲೋಕದಲ್ಲಿ ಯಾರೂ ಇರಲಿಲ್ಲ.

ಆವಲಹಳ್ಳಿಯ ಆಚೆ, ಸೈಟುಗಳು ಮಾರಾಟವಾಗದೆ ಬಿದ್ದಿದ್ದ ಲೇಔಟೊಂದರಲ್ಲಿ ರೇಸು. ಅಲ್ಲಿ ನೂರು ಸಿಸಿ ಬೈಕುಗಳದ್ದೇ ಒಂದು ವರ್ಗ. ಮನೆ ಮುಂದೆ ನಿಲ್ಲಿಸುವಂಥ ಸಾದಾ ಬೈಕು, ಸಾದಾ ಟೈರು, ಸಾದಾ ಕಾರ್ಬ್ಯುರೇಟರ್. ದುಡ್ಡಿರುವವನು ಇಂಜಿನ್ನಿಗೆ ಲಕ್ಷಗಟ್ಟಲೆ ಸುರಿದು ಗೆಲ್ಲಬಾರದು ಎಂದು ಮಾಡಿದ ವರ್ಗ ಅದು. ಮಾಡಿಸಿದವರು ಶಿವಾಜಿನಗರದ ಮೆಕ್ಯಾನಿಕ್ ಅಹ್ಮದ್ ಪಾಷಾ. "ಗಾಡಿ ಓಡ್ಬೇಕು, ಜೇಬು ಓಡಬಾರ್ದು" ಎಂದು ಮೊದಲ ಸಭೆಯಲ್ಲಿ ಮೇಜು ಕುಟ್ಟಿ ಹೇಳಿದವರು. ನಿಯಮಗಳನ್ನು ಒಂದೊಂದಾಗಿ ಬರೆಸಿದವರೂ ಅವರೇ.

ಆ ನಿಯಮಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬ್ಲಾಕಿನದು. ಪಿಸ್ಟನ್ ಮೇಲೆ ಕೆಳಗೆ ಆಡುವ ರಂಧ್ರವಿರುವ ಲೋಹದ ಗಟ್ಟಿಗೆ ಮೆಕ್ಯಾನಿಕ್‌ಗಳು ಬ್ಲಾಕ್ ಎನ್ನುತ್ತಾರೆ. ರಂಧ್ರವನ್ನು ಕೊರೆಸಿ ಅಗಲ ಮಾಡಿದಷ್ಟೂ ಇಂಜಿನ್ನಿಗೆ ಬಲ. ಸವೆದ ಬ್ಲಾಕನ್ನು ಒಂದು ಸಲ ಕೊರೆಸಬಹುದು, ಅದಕ್ಕಿಂತ ಹೆಚ್ಚು ಕೂಡದು. ಅದನ್ನು ನೋಡಲು ಜಯಮಾಲಾ ಹಳೆಯ ಸಹೋದ್ಯೋಗಿಯೊಬ್ಬರಿಂದ ಉಕ್ಕಿನ ಗೇಜೊಂದನ್ನು ಮಾಡಿಸಿದ್ದರು. ನೋಡಲು ಗುಂಡನೆಯ ಬಿರಡೆ, ಕನ್ನಡಿಯಂಥ ಹೊಳಪು. ಅದು ರಂಧ್ರದೊಳಕ್ಕೆ ಇಳಿಯದಿದ್ದರೆ ಪಾಸ್. ಇಳಿದರೆ ಬ್ಲಾಕ್ ವಾಪಸ್, ಗೆದ್ದವನ ಗೆಲುವೂ ವಾಪಸ್. ಎರಡು ವರ್ಷದೊಳಗೆ ಎರಡು ಸಲ ಸಿಕ್ಕಿಬಿದ್ದವನಿಗೆ ಮೂರು ವರ್ಷ ಟ್ರ್ಯಾಕಿನ ಗೇಟು ಮುಚ್ಚುತ್ತಿತ್ತು.

ಹೋದ ವರ್ಷ ಸಿಕ್ಕಿಬಿದ್ದವರು ಆ ನಿಯಮ ಬರೆಸಿದ ಅಹ್ಮದ್ ಪಾಷಾ ಅವರೇ. ಅವರ ಮಗ ಫೈಸಲ್ ಮೊದಲು ಬಂದಿದ್ದ. ಬಹುಮಾನ ಕೊಡಬೇಕಾದ ಅತಿಥಿ ಗಡಿಯಾರ ನೋಡುತ್ತಿದ್ದರು. "ಬೇಗ ಮುಗಿಸಿ" ಎಂದು ಶ್ರೀನಿವಾಸಮೂರ್ತಿ ಮೂರು ಸಲ ಬಂದು ಹೇಳಿದರು. ಬಿಚ್ಚಿಟ್ಟ ಬ್ಲಾಕು ಇನ್ನೂ ಬಿಸಿಯಿರುವಾಗಲೇ ಜಯಮಾಲಾ ಗೇಜ್ ಹಾಕಿದರು. ಬೆಣ್ಣೆಯಲ್ಲಿ ಇಳಿದಂತೆ ಇಳಿದುಹೋಯಿತು.

ಮರುವಾರ ಮನೆಯಲ್ಲಿ ಮನಸ್ಸು ತಡೆಯದೆ ಮತ್ತೊಮ್ಮೆ ಹಾಕಿ ನೋಡಿದರು. ವಾಪಸಾದ ಬ್ಲಾಕ್ ಮುಂದಿನ ಸೀಸನ್ನಿನ ಮೊದಲ ರೇಸಿನವರೆಗೆ ಪರೀಕ್ಷಕರ ಬಳಿಯೇ ಇರಬೇಕೆಂಬುದು ನಿಯಮ. ಬೆಳಗಿನ ತಂಪಿನಲ್ಲಿ ಗೇಜ್ ರಂಧ್ರದ ಬಾಯಲ್ಲೇ ನಿಂತಿತು. ಹತ್ತು ಸಲ ಹಾಕಿದರೂ ಹತ್ತು ಸಲವೂ ನಿಂತಿತು. ಬಿಸಿಯಾದ ಲೋಹ ಹಿಗ್ಗುತ್ತದೆ. ಗೇಜ್ ರೂಮಿಗೆ ಸೇರಿದ ಮೊದಲ ದಿನವೇ ಕಲಿಸುವ ಪಾಠವದು. ಅದನ್ನೇ ಅವರು ಮರೆತಿದ್ದರು.

ಶ್ರೀನಿವಾಸಮೂರ್ತಿಗೆ ಫೋನ್ ಮಾಡಿದಾಗ ಅವರು, "ಈಗ ಬಾಯ್ಬಿಟ್ರೆ ನಾಳೆಯಿಂದ ನಿಮ್ ಗೇಜನ್ನ ನಾಯಿನೂ ನಂಬಲ್ಲ ಕಣ್ರೀ. ಸುಮ್ನಿರಿ" ಎಂದರು. ಜಯಮಾಲಾ ಸುಮ್ಮನಿದ್ದರು. ಹನ್ನೊಂದು ತಿಂಗಳು.

ಈ ವರ್ಷದ ಮೊದಲ ರೇಸಿನಲ್ಲಿ ಫೈಸಲ್ ಮತ್ತೆ ಮೊದಲು ಬಂದ. ಎರಡನೆಯವನಾದ ಇಂದಿರಾನಗರದ ಶಿಶಿರ್ ಹೆಲ್ಮೆಟ್ಟನ್ನೂ ತೆಗೆಯದೆ ಪರೀಕ್ಷೆಯ ಮೇಜಿಗೆ ಬಂದ.

"ಪ್ರೊಟೆಸ್ಟ್. ಬ್ಲಾಕ್ ಬಿಚ್ಸಿ. ಇವ್ರದ್ದು ಹಳೇ ಚಾಳಿ."

"ನಿನ್ ಹೆಲ್ಮೆಟ್ ದುಡ್ಡಲ್ಲಿ ನಮ್ದು ಪೂರ್ತಿ ಗಾಡಿ ಬರುತ್ತೆ ಗುರು" ಎಂದ ಫೈಸಲ್. "ಆದ್ರೂ ಧೂಳು ತಿಂದ್ಯಲ್ಲ!"

ಸುತ್ತಲಿದ್ದವರು ಶಿಳ್ಳೆ ಹೊಡೆದರು. ಅಹ್ಮದ್ ಪಾಷಾ ಬ್ಲಾಕ್ ಬಿಚ್ಚಿ ಮೇಜಿನ ಮೇಲಿಟ್ಟರು. ಜಯಮಾಲಾ ಅದನ್ನು ನೆರಳಿನಲ್ಲಿದ್ದ ಕಡಪಾ ಕಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಗೇಜನ್ನೂ ಇಟ್ಟರು.

"ಎರಡು ಗಂಟೆ. ಎರಡೂ ಒಂದೇ ತಂಪಿಗೆ ಬರ್ಬೇಕು."

"ಎರಡು ಗಂಟೆನಾ?" ಶ್ರೀನಿವಾಸಮೂರ್ತಿ ಹೌಹಾರಿದರು. "ಚೀಫ್ ಗೆಸ್ಟ್ ಕಾರ್ ಹತ್ತಿ ಕೂತಿದಾರೆ ರೀ!"

ಶಿಶಿರ್ ನಕ್ಕ. "ಹೋದ್ ವರ್ಷ ಇಪ್ಪತ್ತು ನಿಮಿಷದಲ್ಲಿ ಮುಗಿಸಿದ್ರಿ, ಆಂಟಿ. ಇವತ್ತೇನು, ಸೆಟ್ಟಿಂಗಾ?"

ಆಗ ಅಹ್ಮದ್ ಪಾಷಾ ತಲೆಯೆತ್ತಿದರು.

"ಹುಡುಗ ಸರಿಯಾಗಿ ಕೇಳ್ದ. ಹೋದ ವರ್ಷ ಇಪ್ಪತ್ತು ನಿಮಿಷ, ಈ ವರ್ಷ ಎರಡು ಗಂಟೆ. ಕ್ಯೂಂ, ಮೇಡಂ?"

"ಇವತ್ತು ಬಿಸಿಲು ಜಾಸ್ತಿ."

ಮೋಡ ಕವಿದಿತ್ತು. ಫೈಸಲ್ ಕತ್ತೆತ್ತಿ ಆಕಾಶ ನೋಡಿ, ಮತ್ತೆ ಅವರ ಮುಖ ನೋಡಿದ.

ಈಗಲೇ ಗೇಜ್ ಹಾಕಿದರೆ ಅದು ಇಳಿಯುತ್ತದೆ, ಅಪ್ಪ ಮಗನಿಗೆ ಮೂರು ವರ್ಷ ಗೇಟು ಮುಚ್ಚುತ್ತದೆ. ಕಾದರೆ ಹೋದ ವರ್ಷ ಯಾಕೆ ಕಾಯಲಿಲ್ಲ ಎಂಬ ಪ್ರಶ್ನೆ ಇಲ್ಲೇ ನಿಂತಿರುತ್ತದೆ. ಜಯಮಾಲಾ ಕಾದರು. ಮೊದಲ ಅರ್ಧ ಗಂಟೆ ಜನ ಬೈದರು. ಆಮೇಲೆ ಬೈದು ಸುಸ್ತಾದವರು ಕಡ್ಲೆಕಾಯಿ ತಿಂದು ಸಿಪ್ಪೆಯನ್ನು ಅವರ ಸ್ಟೂಲಿನ ಕಡೆಗೆ ಎಸೆದರು. ಅತಿಥಿಯ ಕಾರು ಹೊರಟುಹೋಯಿತು. ಅಹ್ಮದ್ ಪಾಷಾ ಕದಲಲಿಲ್ಲ. ಕಲ್ಲಿನ ಆಚೆ ಕುಕ್ಕರುಗಾಲಲ್ಲಿ ಕೂತು, ಬ್ಲಾಕನ್ನು ಬಿಟ್ಟು ಜಯಮಾಲಾ ಅವರನ್ನೇ ನೋಡುತ್ತಿದ್ದರು. ಇಂಜಿನ್ನಿನ ಮುಂದೆ ಮೂವತ್ತೈದು ವರ್ಷ ಕಳೆದ ಮನುಷ್ಯನಿಗೆ ಬಿಸಿ ಲೋಹದ ವಿಷಯ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎರಡು ಗಂಟೆ ಕಳೆದ ಮೇಲೆ ಜಯಮಾಲಾ ಗೇಜನ್ನು ಫ್ಲಾನೆಲ್ ಬಟ್ಟೆಯಲ್ಲಿ ಹಿಡಿದೆತ್ತಿದರು. ಬರಿಗೈಯ ಬಿಸಿಯೂ ಅದಕ್ಕೆ ತಾಕಬಾರದು. ರಂಧ್ರದ ಬಾಯಿಗೆ ಇಟ್ಟರು. ಇಳಿಯಲಿಲ್ಲ.

"ಪಾಸ್."

ಫೈಸಲ್‌ನ ಗೆಳೆಯರು ಕೂಗಿದರು. ಶಿಶಿರ್ ಹೆಲ್ಮೆಟ್ಟನ್ನು ನೆಲಕ್ಕೆ ಕುಕ್ಕಿದ. ಅಹ್ಮದ್ ಪಾಷಾ ಮಾತ್ರ ಮೇಲೇಳಲಿಲ್ಲ.

"ನನ್ನ ಪ್ರಶ್ನೆ ಹಾಗೇ ಇದೆ, ಮೇಡಂ."

ಜಯಮಾಲಾ ಚೀಲಕ್ಕೆ ಕೈ ಹಾಕಿದರು. ವಾಪಸು ಕೊಡಬೇಕಾದ ದಿನವಾದ್ದರಿಂದ ಹೋದ ವರ್ಷದ ಬ್ಲಾಕು ಅದರಲ್ಲೇ ಇತ್ತು. ಬೆಳಗಿನಿಂದ ನೆರಳಲ್ಲೇ ಇದ್ದದ್ದು. ಅದನ್ನು ಕಲ್ಲಿನ ಮೇಲಿಟ್ಟು, ಎಲ್ಲರ ಕಣ್ಣೆದುರು ಅದೇ ಗೇಜ್ ಹಾಕಿದರು. ಇಳಿಯಲಿಲ್ಲ.

"ಹೋದ ವರ್ಷ ಬಿಸಿಯಲ್ಲಿ ಅಳೆದೆ. ತಪ್ಪು ನಂದು. ಇದೂ ಪಾಸ್ ಆಗ್ಬೇಕಿತ್ತು."

"ಬಾಯ್ಮುಚ್ಕೊಂಡಿರಿ ಅಂತ ಹೇಳಿದ್ನಲ್ರೀ!" ಎಂದು ಕೂಗಿದ ಶ್ರೀನಿವಾಸಮೂರ್ತಿ, ತಾನು ಏನೆಂದೆ ಎಂಬುದು ತಿಳಿದು ಅಲ್ಲೇ ತಡೆದು ನಿಂತರು. ಅಷ್ಟರಲ್ಲಿ ಗದ್ದಲವೆದ್ದಿತ್ತು. ಹಿಂದೆ ವಾಪಸಾದವರೆಲ್ಲ ಮೇಜಿಗೆ ಮುತ್ತಿದರು. ನನ್ನದೂ ಮತ್ತೆ ಅಳೆಯಿರಿ, ನನ್ನ ಕಪ್ ಕೊಡಿ, ಕಳ್ಳಿ, ಮುದುಕಿ. ಯಾರೋ ಸ್ಟೂಲನ್ನು ಒದ್ದರು. ಶ್ರೀನಿವಾಸಮೂರ್ತಿ ಜಯಮಾಲಾ ಅವರ ಕೊರಳಿನ ಬ್ಯಾಡ್ಜನ್ನು ತಾವೇ ಎಳೆದು ತೆಗೆದರು.

ಜಯಮಾಲಾ ಹಳೆಯ ಬ್ಲಾಕನ್ನು ಅಹ್ಮದ್ ಪಾಷಾ ಕಡೆಗೆ ಚಾಚಿದರು. ಅವರು ಮುಟ್ಟಲಿಲ್ಲ.

"ಇಲ್ಲಿ ಬೇಡ" ಎಂದರು. "ಇಲ್ಲಿ ಹೇಳಿದ್ದು ಈ ಧೂಳಲ್ಲೇ ಹೋಗುತ್ತೆ. ನಮ್ ಗಲ್ಲೀಲಿ ಒಂದು ವರ್ಷದಿಂದ ರೂಲ್ ಬರೆಸಿದ ಕಳ್ಳ ಅಂತಾರೆ ನಂಗೆ. ಮಸೀದಿ ಮೆಟ್ಲಲ್ಲಿ ಅಂದಿದಾರೆ. ನನ್ನ ಬೀವಿ ಮುಂದೆ ಅಂದಿದಾರೆ. ಅಲ್ಲಿಗೆ ಬಂದು ಹಾಕಿ ನಿಮ್ ಗೇಜು."

ಸೋಮವಾರ ಬೆಳಿಗ್ಗೆ ಜಯಮಾಲಾ ಬಸ್ಸು ಹತ್ತಿ ಶಿವಾಜಿನಗರಕ್ಕೆ ಹೋದರು. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಬೈಕ್ ರಿಪೇರಿ ಅಂಗಡಿ. ಅಹ್ಮದ್ ಪಾಷಾ ಮೊದಲೇ ಹೇಳಿಟ್ಟಿದ್ದರು. ಇಪ್ಪತ್ತು ಮೂವತ್ತು ಜನ ಸೇರಿದ್ದರು. ಜಯಮಾಲಾ ಅಂಗಡಿಯ ಕಲ್ಲುಕಟ್ಟೆಯ ಮೇಲೆ ಬ್ಲಾಕನ್ನೂ ಗೇಜನ್ನೂ ಅಕ್ಕಪಕ್ಕ ಇಟ್ಟು ಹಿಂದೆ ಸರಿದು ನಿಂತರು.

"ಹಾಕಿ, ಹಾಕಿ" ಎಂದ ಪಕ್ಕದ ಮಾಂಸದಂಗಡಿಯವನು.

"ಎರಡು ಗಂಟೆ ಬೇಕು."

"ಅರೇ, ಅದು ತಣ್ಣಗೇ ಇದ್ಯಲ್ಲಮ್ಮಾ!"

"ಬಸ್ಸಲ್ಲಿ ಚೀಲ ಮಡಿಲಲ್ಲಿತ್ತು. ಎರಡು ಗಂಟೆ."

ಜನ ತಲೆ ಚಚ್ಚಿಕೊಂಡರು. ಟೀ ಬಂತು. ಎಲ್ಲರಿಗೂ ಕೊಟ್ಟರು, ಅವರಿಗೆ ಕೊಡಲಿಲ್ಲ. ಕೂರಿ ಎಂದೂ ಯಾರೂ ಹೇಳಲಿಲ್ಲ. ಅವರು ಬಾಗಿಲ ಚೌಕಟ್ಟಿಗೆ ಒರಗದೆ ನಿಂತೇ ಇದ್ದರು. ಮೊಣಕಾಲು ನೋಯುತ್ತಿತ್ತು. ಅರ್ಧ ಜನ ಎದ್ದು ಹೋಗಿ, ಹೊತ್ತಿಗೆ ಸರಿಯಾಗಿ ಮತ್ತೆ ಬಂದರು.

ಗೇಜ್ ರಂಧ್ರದ ಬಾಯಲ್ಲೇ ನಿಂತಿತು. "ಇನ್ನೊಂದ್ಸಲ" ಎಂದರು ಜನ. ಮತ್ತೆ ನಿಂತಿತು. ಮಾಂಸದಂಗಡಿಯವನು ಬಗ್ಗಿ, ಬಟ್ಟೆಯಿಂದ ಹಿಡಿದು ತಾನೇ ಹಾಕಿ ನೋಡಿದ. ಅವನಿಗೂ ಇಳಿಯಲಿಲ್ಲ.

"ಬ್ಲಾಕು ಸರಿ ಇತ್ತು. ನಾನು ತಪ್ಪು ಅಳೆದೆ" ಎಂದು ಜಯಮಾಲಾ ಎಲ್ಲರಿಗೂ ಕೇಳುವಂತೆ ಹೇಳಿದರು. "ತಪ್ಪು ಗೊತ್ತಾಗಿ ಹನ್ನೊಂದು ತಿಂಗಳು ಸುಮ್ನಿದ್ದೆ. ಅದು ದೊಡ್ಡ ತಪ್ಪು."

ಮಾಂಸದಂಗಡಿಯವನು ಅಹ್ಮದ್ ಪಾಷಾ ಮುಖ ನೋಡಲಾರದೆ ಕೈ ಒರೆಸಿಕೊಳ್ಳುತ್ತ ಹೊರಟ. ಹಿಂದೆಯೇ ಉಳಿದವರೂ ಕರಗಿದರು.

"ಮಾಫ್ ಮಾಡ್ತೀನಿ ಅಂದ್ಕೊಂಡು ಬಂದಿದ್ರೆ, ಇಲ್ಲ" ಎಂದರು ಅಹ್ಮದ್ ಪಾಷಾ.

"ಅದಕ್ಕೆ ಬರ್ಲಿಲ್ಲ." ಜಯಮಾಲಾ ಚೀಲದಿಂದ ರಿಜಿಸ್ಟರ್ ತೆಗೆದರು. "ಬ್ಲಾಕ್ ವಾಪಸ್ ತಗೊಂಡಿದ್ದಕ್ಕೆ ಒಂದು ಸೈನ್ ಬೇಕು."

"ಬ್ಯಾಡ್ಜ್ ಕಿತ್ಕೊಂಡ್ರಲ್ಲ ನಿಮ್ದು. ಇನ್ನೂ ಸೈನಾ?"

"ರೂಲಿನಲ್ಲಿದೆ."

ಅಹ್ಮದ್ ಪಾಷಾ ರಿಜಿಸ್ಟರನ್ನು ಕಿತ್ತುಕೊಂಡರು. ಆ ರೂಲನ್ನೂ ಬರೆಸಿದವರು ತಾವೇ ಎಂಬುದು ಅವರಿಗೆ ನೆನಪಿರಲೇಬೇಕು. ಹೋದ ವರ್ಷದ ಪುಟ ಹುಡುಕಿದರು. ತಮ್ಮ ಹೆಸರಿನ ಮುಂದೆ ಜಯಮಾಲಾ ಅವರ ದುಂಡನೆಯ ಅಕ್ಷರದಲ್ಲಿದ್ದ 'ವಾಪಸ್' ಎಂಬುದಕ್ಕೆ ಅಡ್ಡಗೆರೆ ಎಳೆದರು. ಗೆರೆಯ ಒತ್ತಡಕ್ಕೆ ಕಾಗದ ಹರಿಯಿತು. ಪಕ್ಕದಲ್ಲಿ 'ಪಾಸ್' ಎಂದು ಬರೆದು, ಸಹಿ ಹಾಕಿ, ಗೋಡೆಯ ಗಡಿಯಾರ ನೋಡಿ ಗಂಟೆಯನ್ನೂ ನಿಮಿಷವನ್ನೂ ನಮೂದಿಸಿದರು.

"ಈಗ ಹೋಗಿ."

ಜಯಮಾಲಾ ಗೇಜನ್ನು ಫ್ಲಾನೆಲ್ಲಿನಲ್ಲಿ ಸುತ್ತಿ, ಅಹ್ಮದ್ ಪಾಷಾ ಬರೆದ ಗಂಟೆ ಸರಿಯಾಗಿದೆಯೇ ಎಂದು ತಮ್ಮ ಕೈಗಡಿಯಾರದಲ್ಲಿ ಒಮ್ಮೆ ನೋಡಿಕೊಂಡು, ಮೆಟ್ಟಿಲು ಇಳಿದರು.