ಬಿಟ್ಟಿ ಸಿಕ್ಕ ದ್ವೀಪದ ಮನೆ

ಎರಡು ದಿನದ ದ್ವೀಪ ಪ್ರವಾಸಕ್ಕೆ ನಮಗೆ ತಗುಲಿದ್ದು ನೂರ ನಲವತ್ತು ಯೂರೋ. ಪೆಟ್ರೋಲು, ಪಾರ್ಕಿಂಗು, ಗೋಪುರದ ಟಿಕೆಟ್ಟು, ದ್ರಾಕ್ಷಿತೋಟದಲ್ಲಿ ವೈನ್ ರುಚಿ ನೋಡಿದ್ದು, ಅಲ್ಲೇ ಕೊಂಡ ಮೂರು ಬಾಟಲಿ. ಬುತ್ತಿ ಮನೆಯದೇ. ಇಷ್ಟು ಅಗ್ಗವಾದದ್ದಕ್ಕೆ ಕಾರಣ, ಉಳಿದುಕೊಂಡ ಮನೆ ಬಿಟ್ಟಿ ಸಿಕ್ಕಿತ್ತು. ಬಿಟ್ಟಿ ಅಂದ ಕೂಡಲೇ ನನಗೆ ನಿದ್ದೆ ಹಾರುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಬಿಡಿಭಾಗ ಮಾರಿ ಬೆಳೆದವನು ನಾನು. ಈಗ ರಾಟರ್‌ಡ್ಯಾಮಿನಲ್ಲಿ ಒಂದು ಕಂಪನಿಗಾಗಿ ಹಡಗುಗಳಲ್ಲಿ ಸರಕಿಗೆ ಜಾಗ ಚೌಕಾಸಿ ಮಾಡಿ ಕೊಳ್ಳುವ ಕೆಲಸ. ಬೆಲೆ ಮೊದಲೇ ಹೇಳದವನು ಆಮೇಲೆ ಹೇಳುತ್ತಾನೆ ಎಂಬುದನ್ನು ಎರಡೂ ಕಡೆ ಕಂಡಿದ್ದೇನೆ.

ರಾಟರ್‌ಡ್ಯಾಮಿಗೆ ಹತ್ತಿರದ ರೈಸ್‌ವೈಕ್‌ನಲ್ಲಿ ನಮ್ಮದು ಸಾಲುಮನೆ. ದಕ್ಷಿಣದ ಗೋಡೆಯಾಚೆ ಎಪ್ಪತ್ತು ದಾಟಿದ ಡಚ್ ಮುದುಕರೊಬ್ಬರು ಒಂಟಿಯಾಗಿದ್ದಾರೆ. ಆರು ವರ್ಷದಲ್ಲಿ ಅವರಿಂದ ನಮಗೆ ಬಂದದ್ದು ಕೈ ಬೀಸಿದ ನಮಸ್ಕಾರ ಮತ್ತು ಮಳೆಯ ಸುದ್ದಿ, ಅಷ್ಟೇ. ಅಂಥವರು ಏಪ್ರಿಲ್‌ನ ಒಂದು ಗುರುವಾರ ಬಾಗಿಲಿಗೆ ಬಂದು ಬೀಗದ ಕೈ ಚಾಚಿದರು. ಸಮುದ್ರತೀರದ ಝೇಲಂಡ್ ಪ್ರಾಂತ್ಯದ ದ್ವೀಪವೊಂದರಲ್ಲಿ ತಮ್ಮ ತಾಯಿಯ ಮನೆ ಇದೆಯಂತೆ. ಕೋಳಿ ನೋಡಿಕೊಳ್ಳುವವರು ಈ ಶನಿವಾರ, ಭಾನುವಾರ ಊರಲ್ಲಿಲ್ಲವಂತೆ. ನಾವು ಹೋಗಿ ಕಾಳು ಹಾಕಿ ಆರಾಮಾಗಿ ಇದ್ದು ಬರಬಹುದಂತೆ.

ನಾನು ನಕ್ಕು ಬೀಗದ ಕೈ ತೆಗೆದುಕೊಂಡೆ. ಒಳಗೆ ಲೆಕ್ಕ ಬೇರೆಯೇ ಓಡುತ್ತಿತ್ತು. ಮೂರು ದಿನದ ಹಿಂದಷ್ಟೇ ನಗರಸಭೆಯ ವೆಬ್‌ಸೈಟಿನಲ್ಲಿ ನಮ್ಮ ಬೀದಿಯ ಪ್ರಕಟಣೆ ನೋಡಿದ್ದೆ. ಈ ಮುದುಕರಿಗೆ ಅಡುಗೆಮನೆಯ ಮೇಲೆ ಒಂದು ಕೋಣೆ ಎಬ್ಬಿಸಲು ಅನುಮತಿ ಸಿಕ್ಕಿತ್ತು. ನೆರೆಯವರು ಆಕ್ಷೇಪಣೆ ಹಾಕಲು ಪ್ರಕಟಣೆಯ ದಿನದಿಂದ ಆರು ವಾರ ಗಡುವು. ಅದು ಮುಗಿಯುವುದು ನಾವು ದ್ವೀಪದಿಂದ ಮರಳುವ ಮರುದಿನ, ಸೋಮವಾರ. ಕೋಣೆಯ ವಿಷಯ ನಮಗೆ ಒಂದು ಮಾತೂ ಹೇಳದೆ ಕೀ ಮಾತ್ರ ಕೊಟ್ಟಿದ್ದರು.

ಆ ಕೋಣೆ ಎದ್ದರೆ ನಮ್ಮ ಹಿತ್ತಲಿನ ಬಿಸಿಲು ಹೋದಂತೆಯೇ. ಹಿತ್ತಲು ಐದು ಹೆಜ್ಜೆ ಅಗಲ ಇದ್ದೀತು. ನನ್ನ ಹೆಂಡತಿ ಧಾರವಾಡದ ಕಡೆಯವಳು. ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ಅವಳು ಮಾತು ಬಿಟ್ಟು ಕಿಟಕಿಯ ಹತ್ತಿರ ಕೂತುಬಿಟ್ಟಿದ್ದಳು. ಊರಿಂದ ತಂದ ಹಕ್ಕರಕಿ ಬೀಜ ಆ ಹಿತ್ತಲಲ್ಲಿ ಮೊಳೆತ ಮೇಲೆಯೇ ಮತ್ತೆ ಮನುಷ್ಯಳಾದದ್ದು. ಬೇಸಗೆಯಲ್ಲಿ ರೊಟ್ಟಿಯ ಜೊತೆ ಆ ಹಸಿ ಸೊಪ್ಪು ತಿನ್ನುವಾಗ ಅವಳ ಮುಖ ನೋಡಬೇಕು.

“ಇದು ಲಂಚ ಕಣೇ, ಹಂಡ್ರೆಡ್ ಪರ್ಸೆಂಟ್ ಲಂಚ,” ಎಂದೆ.

“ಲಂಚಾ ತಗೊಂಡು ಅವರ ಕೆಲಸಾ ಮಾಡದಿದ್ರಾತು. ನಾ ದ್ವೀಪಾ ನೋಡಬೇಕು.”

ಶನಿವಾರ ಹೊರಟೆವು. ಸಮುದ್ರಕ್ಕೆ ಕಟ್ಟಿದ ಉದ್ದನೆಯ ಅಣೆಕಟ್ಟಿನ ಮೇಲೆ ಕಾರು ಓಡಿತು. ಎಡಕ್ಕೂ ನೀರು, ಬಲಕ್ಕೂ ನೀರು.

“ದ್ವೀಪಾ ಅಂದ್ರಿ. ಹಡಗು ಎಲ್ಲೈತ್ರಿ?”

“ಹಡಗಿಗೆ ಟಿಕೆಟ್ ಇರುತ್ತೆ. ಇದು ಫ್ರೀ.”

“ಫ್ರೀ ಅಂದ್ರ ನಿಮಗ ಡೌಟ್ ಬರಬೇಕಲ್ಲಾ?”

ಮನೆ ಸಣ್ಣದು, ಹೆಂಚಿನದು, ಒಳಗೆ ಹಳೆಯ ಮರದ ವಾಸನೆ. ನಾನು ಮೊದಲು ಮಾಡಿದ ಕೆಲಸ ಮೂಲೆಗಳಲ್ಲಿ ಕ್ಯಾಮೆರಾ ಹುಡುಕಿದ್ದು. ಸಿಗಲಿಲ್ಲ. ಆಮೇಲೆ, ಏನಾದರೂ ಒಡೆದರೆ ನಮ್ಮ ತಲೆಗೆ ಕಟ್ಟಬಾರದೆಂದು ಪ್ರತಿ ಕೋಣೆಯ ಫೋಟೋ ತೆಗೆದೆ. ಗೋಡೆಯ ಮೇಲೆ ನನ್ನ ಭುಜದ ಎತ್ತರಕ್ಕೆ ನೀಲಿ ಗೆರೆಯೊಂದಿತ್ತು. ಮುದುಕರು ಮಗುವಾಗಿದ್ದಾಗ ಪ್ರವಾಹದ ನೀರು ಅಲ್ಲಿಯವರೆಗೆ ಬಂದಿತ್ತೆಂದು ಪಕ್ಕದಲ್ಲಿ ಚೀಟಿ. ಫ್ರಿಜ್ಜಿನ ಮೇಲೆ ಇನ್ನೊಂದು: “ಮೊಟ್ಟೆ ನಿಮ್ಮವೇ.” ಹೆಂಡತಿ ಆ ಗೆರೆಯ ಮುಂದೆ ಬಹಳ ಹೊತ್ತು ನಿಂತಳು. ನಾನು ಅದರದೂ ಫೋಟೋ ತೆಗೆದುಕೊಂಡೆ.

ಮಧ್ಯಾಹ್ನ ಜಿರಿಕ್‌ಜೇ ಪಟ್ಟಣಕ್ಕೆ ಹೋದೆವು. ಹಳೆಯ ಕೋಟೆಬಾಗಿಲು, ಮೇಲೆತ್ತುವ ಸೇತುವೆ, ಒಂದಕ್ಕೊಂದು ಆತುಕೊಂಡ ಸಪೂರ ಮನೆಗಳು. ನಡುವೆ ಒಂದು ದಪ್ಪ ಗೋಪುರ. ಮುಗಿಲು ಮುಟ್ಟಿಸುತ್ತೇವೆಂದು ಶುರುಮಾಡಿ, ದುಡ್ಡು ಮುಗಿದು, ಅರ್ಧಕ್ಕೇ ಬಿಟ್ಟದ್ದಂತೆ. ಮೆಟ್ಟಿಲು ಹತ್ತುತ್ತ ನಾನು ಯೋಚಿಸಿದ್ದು ಒಂದೇ: ಆ ಕಾಲದಲ್ಲಿ ಪಕ್ಕದ ಮನೆಯವರು ಯಾರಿಗೆ ಆಕ್ಷೇಪಣೆ ಕೊಡುತ್ತಿದ್ದರು?

ಭಾನುವಾರ ಬೆಳಿಗ್ಗೆ ಕೋಳಿಗಳಿಗೆ ಕಾಳು ಹಾಕಿ ಪಶ್ಚಿಮದ ಮರಳುದಿಬ್ಬಗಳ ಕಡೆ ನಡೆದೆವು. ಗಾಳಿಗೆ ಬಾಗಿದ ಪೈನ್ ಮರಗಳು, ಮುಳ್ಳುಪೊದೆ, ಮನುಷ್ಯರ ಸುಳಿವಿಲ್ಲ. ಜಿಂಕೆಯೊಂದು ಹತ್ತು ಮಾರು ದೂರದಲ್ಲಿ ನಿಂತು ನಮ್ಮನ್ನು ನೋಡಿತು, ಓಡಲಿಲ್ಲ.

“ಅದಕ್ಕೂ ನಿಮ್ಮ ಮ್ಯಾಲೆ ಡೌಟ್ ಇಲ್ಲ ನೋಡ್ರಿ,” ಎಂದಳು ಹೆಂಡತಿ.

ವಾಪಸಾಗುವ ದಾರಿಯಲ್ಲಿ ದ್ರಾಕ್ಷಿತೋಟ. ಈ ಚಳಿಯಲ್ಲಿ ದ್ರಾಕ್ಷಿಯೇ ಎಂದು ನನಗೆ ಅಲ್ಲೂ ಅನುಮಾನ; ಎಲ್ಲಿಂದಲೋ ತರಿಸಿ ಚೀಟಿ ಅಂಟಿಸುತ್ತಾರೆಂದುಕೊಂಡಿದ್ದೆ. ತೋಟದ ಒಡತಿ ಬೂಟು ಹಾಕಿಕೊಂಡ ಗಟ್ಟಿ ಹೆಂಗಸು. ನಾಲ್ಕು ಗ್ಲಾಸಿನಲ್ಲಿ ಗುಟುಕು ಗುಟುಕು ಬಿಳಿ ವೈನ್ ಕೊಟ್ಟಳು. ಹುಳಿಮಾವಿನ ಹಾಗೆ ಹಲ್ಲು ಜುಮ್ಮೆನ್ನಿಸಿತು, ಚೆನ್ನಾಗಿತ್ತು.

“ಆರು ಬಾಟಲಿ ತಗೊಂಡರೆ ಎಷ್ಟು ಬಿಡ್ತೀರಿ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ಏನೂ ಬಿಡಲ್ಲ. ಮೂರು ತಗೊಳ್ಳಿ, ಖರ್ಚು ಅರ್ಧ ಆಗುತ್ತೆ.”

ನನ್ನ ವೃತ್ತಿಜೀವನದಲ್ಲಿ ಇಂಥ ಉತ್ತರ ಕೇಳಿರಲಿಲ್ಲ. ಮೂರೇ ಕೊಂಡೆ.

ಹೆಂಡತಿ ಸಾಲುಗಳ ನಡುವೆ ನಿಂತು ಇಷ್ಟೊಂದು ಜಾಗ ಯಾಕೆ ಬಿಟ್ಟಿದ್ದೀರಿ ಎಂದು ಕೇಳಿದಳು. ಒಡತಿ ನೆಲದ ಮೇಲೆ ಬಿದ್ದ ಕಂಬಗಳ ನೆರಳು ತೋರಿಸಿದಳು. ಈ ದೇಶದಲ್ಲಿ ಸೂರ್ಯ ತಲೆಯ ಮೇಲೆ ಬರುವುದೇ ಇಲ್ಲ, ಓರೆಯಾಗಿಯೇ ಹೋಗುತ್ತಾನೆ. ಸಾಲು ಎಷ್ಟು ಎತ್ತರವೋ ಅದಕ್ಕಿಂತ ಹೆಚ್ಚು ಅಂತರ ಬಿಡದಿದ್ದರೆ ಹಿಂದಿನ ಬಳ್ಳಿಯ ಹಣ್ಣು ಹುಳಿಯಾಗಿಯೇ ಉಳಿಯುತ್ತದೆ ಎಂದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿದಳು. ನಗುತ್ತಿರಲಿಲ್ಲ.

“ನಮ್ಮ ಹಕ್ಕರಕಿಗೆ ಒಂದು ಮೀಟರ್ ಅಂತರಾನೂ ಸಿಗಂಗಿಲ್ಲ ಅಲ್ಲೇನ್ರಿ?”

ಸಂಜೆ ಐದಕ್ಕೆ ರೈಸ್‌ವೈಕ್ ತಲುಪಿದೆವು. ಕೀ ಕೊಡಲು ಇಬ್ಬರೂ ಹೋದೆವು. ನಾನು ಸುತ್ತಿ ಬಳಸಿ ಶುರುಮಾಡಿದೆ: ಕೋಳಿ, ಗೋಪುರ, ಜಿಂಕೆ. ಹೆಂಡತಿಗೆ ತಾಳ್ಮೆ ಮುಗಿಯಿತು. ತನ್ನ ತುಂಡು ಇಂಗ್ಲಿಷಿನಲ್ಲಿ ನೇರ ಕೇಳಿಬಿಟ್ಟಳು: “ನಾವು ಆಕ್ಷೇಪಣೆ ಹಾಕಬಾರದು ಅಂತ ಮನೆ ಕೊಟ್ಟಿರಾ?”

ಮುದುಕರು ಒಂದು ಕ್ಷಣವೂ ಯೋಚಿಸಲಿಲ್ಲ. “ಹೌದು, ಸ್ವಲ್ಪ ಅದಕ್ಕೂ. ಕೋಳಿಗೂ ಜನ ಬೇಕಿತ್ತು. ಉಪಾಯ ಫಲಿಸಿತೇ?”

ಆರು ದಿನದಿಂದ ನಾನು ಹೊತ್ತು ತಿರುಗಿದ ಗುಟ್ಟು ಹೀಗೆ ಬಾಗಿಲಲ್ಲೇ ಬಿದ್ದುಹೋಯಿತು.

“ನಮಗೆ ಮೊದಲೇ ಹೇಳಲಿಲ್ಲವಲ್ಲ?” ಎಂದೆ, ಸ್ವಲ್ಪ ಜೋರಾಗಿಯೇ.

“ಫೆಬ್ರವರಿಯಲ್ಲಿ ನಕ್ಷೆ ನಿಮ್ಮ ಅಂಚೆಪೆಟ್ಟಿಗೆಗೆ ಹಾಕಿದ್ದೆ. ಕಾಫಿಗೆ ಬನ್ನಿ ಅಂತ ಬರೆದಿದ್ದೆ. ನೀವು ಬರಲಿಲ್ಲ. ನಿಮಗೆ ಒಪ್ಪಿಗೆಯಿಲ್ಲವೇನೋ ಅಂದುಕೊಂಡೆ.”

ನೆನಪಾಯಿತು. ಕಟ್ಟಡ ಕಂಪನಿಯೊಂದರ ಹೆಸರಿದ್ದ ಹೊಳೆಯುವ ಲಕೋಟೆ. ಜಾಹೀರಾತು, ದುಡ್ಡು ಹೊಡೆಯುವವರು ಎಂದು ಒಡೆಯದೆಯೇ ರದ್ದಿಗೆ ಎಸೆದಿದ್ದೆ. ಹೆಂಡತಿ ಆಮೇಲೆ ಮನೆಯಲ್ಲಿ ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ.

ಮೂವರೂ ನಮ್ಮ ಹಿತ್ತಲಿಗೆ ಬಂದೆವು. ಓರೆ ಬಿಸಿಲು ಇನ್ನೂ ಇತ್ತು. ಬಿದಿರಿನ ಕೋಲು ನಿಲ್ಲಿಸಿ ಕೋಣೆಯ ನೆರಳು ಮಧ್ಯಾಹ್ನ ಎಲ್ಲಿಗೆ ಬರಬಹುದೆಂದು ಅಂದಾಜು ಮಾಡಿ ತೋರಿಸಿದೆ. ಎರಡು ಮೀಟರ್ ಹಿಂದೆ ಸರಿಸಿ ಎಂದೆ. ಅರ್ಧ ಮೀಟರ್ ಎಂದರು. ಕೊನೆಗೆ ಒಂದು ಮೀಟರಿಗೆ ನಿಂತು, ನಮ್ಮ ಕಡೆಯ ಚಾವಣಿಯನ್ನು ಇಳಿಜಾರು ಮಾಡುವುದೆಂದಾಯಿತು. ಆದರೂ ನಾನು ಬಿಡಲಿಲ್ಲ. “ನಾಳೆ ಆಕ್ಷೇಪಣೆ ಹಾಕುತ್ತೇನೆ. ಹೊಸ ನಕ್ಷೆ ನಗರಸಭೆಗೆ ಹೋದ ದಿನ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ,” ಎಂದೆ. ಮುದುಕರು ಕೈ ಕುಲುಕಿದರು. “ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.”

ಹೊಸ ನಕ್ಷೆ ಬಂತು, ಆಕ್ಷೇಪಣೆ ಹಿಂದೆ ಪಡೆದೆ, ಕೋಣೆ ಎದ್ದಿತು. ಹಕ್ಕರಕಿಗೆ ಈಗ ಬಿಸಿಲು ಬರುವುದು ಹನ್ನೊಂದರ ಮೇಲೆ. ಮೊದಲಿನಷ್ಟು ದಟ್ಟವಾಗಿಲ್ಲ, ಆದರೆ ವಾರಕ್ಕೆರಡು ಸಲ ರೊಟ್ಟಿಗೆ ಸಾಕಾಗುತ್ತದೆ.

ನೀವು ಆ ದ್ವೀಪಕ್ಕೆ ಹೋಗುವುದಾದರೆ ಗಾಳಿ ತಡೆಯುವ ಜಾಕೆಟ್ ಬೇಸಗೆಯಲ್ಲೂ ಇರಲಿ. ಮರಳುದಿಬ್ಬಕ್ಕೆ ಬೆಳಿಗ್ಗೆ ಹೋಗಿ, ಪಟ್ಟಣಕ್ಕೆ ಮಧ್ಯಾಹ್ನ. ವೈನ್ ರುಚಿ ನೋಡುವ ಮೊದಲು ಕಾರು ಯಾರು ಓಡಿಸುತ್ತಾರೆಂದು ತೀರ್ಮಾನಿಸಿಕೊಳ್ಳಿ, ಚೌಕಾಸಿಗೆ ಹೋಗಬೇಡಿ. ಈ ದೇಶದಲ್ಲಿ ಹಿತ್ತಲಿರುವ ಮನೆ ಹಿಡಿದರೆ ನಿಮ್ಮ ಬೀದಿಯ ಪ್ರಕಟಣೆಗಳು ಇಮೇಲಿಗೆ ಬರುವಂತೆ ಮಾಡಿಕೊಳ್ಳಿ. ಅಂಚೆಪೆಟ್ಟಿಗೆಗೆ ಬಿದ್ದ ಲಕೋಟೆಯನ್ನು ಎಸೆಯುವ ಮೊದಲು ಒಡೆದು ನೋಡಿ. ಗಡುವಿನೊಳಗೆ ಆಕ್ಷೇಪಣೆ ಹಾಕಿ, ಹಾಕುತ್ತೇನೆಂದು ಮುಖಕ್ಕೇ ಹೇಳಿ. ಇಲ್ಲಿ ಅದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ. ಯಾರಾದರೂ ಬಿಟ್ಟಿ ಏನಾದರೂ ಕೊಟ್ಟರೆ ಯಾಕೆಂದು ಕೇಳಿ, ಖಂಡಿತ ಕೇಳಿ. ಆದರೆ ಕೊಟ್ಟ ಗುರುವಾರವೇ ಕೇಳಿ, ಭಾನುವಾರದವರೆಗೆ ಕಾಯಬೇಡಿ.